ತಿಂಗಳ 20ನೇ ತಾರೀಖು ಕಳೆದ್ಮೇಲೆ ನಾನು ಬೆಂಗಳೂರಲ್ಲಿ ಇರಲ್ಲ

ಲ್ಯಾಪ್‌ಟಾಪ್ ಹಿಡ್ಕೊಂಡು ಊರೂರು ಸುತ್ತುತ್ತಾ ದುಡಿಯೋರು ಅಂದ್ರೆ ಒಂದಾ ಕೋಡಿಂಗ್ ಮಾಡೋರು, ಇಲ್ಲಾ ಯೂಟ್ಯೂಬರ್ಸು ಅಂತಾನೇ ಎಲ್ರೂ ಅನ್ಕೊಳ್ತಾರೆ. ನಾನು ಎರಡೂ ಅಲ್ಲ. ಬಿಕಾಂ ಮುಗಿಸಿ ರಾಜಾಜಿನಗರದಲ್ಲಿ ಒಂದು ಆಡಿಟರ್ ಆಫೀಸಲ್ಲಿ ಕೆಲವು ವರ್ಷ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಲ್ಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್ಸ್ (ವ್ಯಾಪಾರಿಗಳು ಸರ್ಕಾರಕ್ಕೆ ಕೊಡೋ ಮಾರಾಟ, ಟ್ಯಾಕ್ಸಿನ ಲೆಕ್ಕ) ನೋಡ್ಕೊಂಡಿದ್ದವಳು. ಈಗ್ಲೂ ಮಾಡೋದು ಅದೇ ಕೆಲಸ, ಆದ್ರೆ ನನ್ನ ಸ್ವಂತ ಕ್ಲೈಂಟ್ಸಿಗೆ, ಅದೂ ಪ್ರತಿ ತಿಂಗಳು ಒಂದಷ್ಟು ದಿನ ಗೋಕರ್ಣ, ಸಿರ್ಸಿ, ಸಾಗರ, ಕೊಪ್ಪ ಅಂತ ಎಲ್ಲಾದ್ರೂ ಕೂತ್ಕೊಂಡು. ಖರ್ಚಿಗೆ ದುಡ್ಡು ಎಲ್ಲಿಂದ ಬರತ್ತೆ, ಅದೇನು ಆನ್‌ಲೈನ್ ಬಿಸಿನೆಸ್ಸು ಅಂತ ತುಂಬಾ ಜನ ಕೇಳಿದಾರೆ, ಹಂಗಾಗಿ ಪೂರ್ತಿ ಬರೀತಿದೀನಿ.

ಕೆಲಸ ಬಿಡೋ ಮುಂಚೆ ನಾನೂ ಎಲ್ಲಾ ಐಡಿಯಾಗಳನ್ನ ಲೆಕ್ಕ ಹಾಕಿ ನೋಡ್ದೆ. ಯೂಟ್ಯೂಬಲ್ಲಿ ಜಾಹೀರಾತಿನ ದುಡ್ಡು ಶುರುವಾಗಕ್ಕೇ 1000 ಸಬ್‌ಸ್ಕ್ರೈಬರ್ಸು, ಒಂದು ವರ್ಷದೊಳಗೆ 4000 ಗಂಟೆ ವಾಚ್‌ಟೈಮ್ ಬೇಕು, ಆಮೇಲೂ ಈ ತಿಂಗಳು ಬಂದಿದ್ದು ಮುಂದಿನ ತಿಂಗಳು ಬರತ್ತೆ ಅನ್ನಕ್ಕಾಗಲ್ಲ. ಫ್ರೀಲಾನ್ಸ್ ಕೆಲಸ ಸಿಗೋ ಫೈವರ್ ಸೈಟಲ್ಲಿ ಆರ್ಡರ್ ಸಿಕ್ರೆ ನೂರಕ್ಕೆ 20 ಅವ್ರೇ ಇಟ್ಕೊಳ್ತಾರೆ, ಜೊತೆಗೆ ದಿನಾ ಹೊಸ ಗಿರಾಕಿ ಹುಡುಕ್ಬೇಕು. ಸುತ್ತಾಡೋ ಬದುಕಿಗೆ ದೊಡ್ಡ ದುಡ್ಡು ಬೇಡ, ತಿಂಗಳಾ ತಿಂಗಳಾ ತಪ್ಪದೇ ಬರೋ ದುಡ್ಡು ಬೇಕು, ಯಾಕಂದ್ರೆ ಮುಂದಿನ ವಾರದ ರೂಮ್ ಬಾಡಿಗೆ ಕಟ್ಟೋದು ಹೆಂಗೆ ಅನ್ನೋ ಚಿಂತೆ ತಲೇಲಿ ಇಟ್ಕೊಂಡು ಎಂಥಾ ಸಮುದ್ರ ನೋಡಿದ್ರೂ ಸಂತೋಷ ಆಗಲ್ಲ. ಜಿಎಸ್‌ಟಿ ರಿಟರ್ನ್ಸ್ ಅನ್ನೋದು ಅಂಗಡಿ ನಡೀತಿರೋವರ್ಗೂ ಪ್ರತಿ ತಿಂಗಳು, ಇಲ್ಲಾ ಮೂರು ತಿಂಗಳಿಗೊಂದ್ಸಲ ಹಾಕ್ಲೇಬೇಕಾಗಿರೋದು. 2017ರ ಜುಲೈ 1ರಿಂದ ಇದು ಶುರುವಾಗಿದೆ, ಮಧ್ಯೆ ರೂಲ್ಸ್ ಎಷ್ಟೋ ಸಲ ಬದ್ಲಾಗಿದೆ, ಹಾಕೋದು ಮಾತ್ರ ನಿಂತಿಲ್ಲ.

ನನಗೆ ಇನ್ನೊಂದು ಅನುಕೂಲ ಕಂಡಿದ್ದು ಇದರ ಕ್ಯಾಲೆಂಡರಲ್ಲಿ. ತಿಂಗಳಿಗೊಂದ್ಸಲ ಹಾಕೋರಿಗೆ 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, ಅಂದ್ರೆ ಸೇಲ್ಸ್ ಲೆಕ್ಕ. 14ಕ್ಕೆ 2ಬಿ ಅನ್ನೋ ಪಟ್ಟಿ ಪೋರ್ಟಲಲ್ಲಿ, ಅಂದ್ರೆ ಜಿಎಸ್‌ಟಿ ವೆಬ್‌ಸೈಟಲ್ಲಿ ಬರತ್ತೆ, ನಮ್ಮ ಕ್ಲೈಂಟಿಗೆ ಮಾಲು ಕೊಟ್ಟೋರು ಏನೇನು ಬಿಲ್ ತೋರ್ಸಿದಾರೆ ಅಂತ ಅದ್ರಲ್ಲಿ ಗೊತ್ತಾಗತ್ತೆ. ಅದನ್ನ ಪರ್ಚೇಸ್ ಬಿಲ್ಲುಗಳ ಜೊತೆ ತಾಳೆ ಹಾಕಿ 20ರೊಳಗೆ 3ಬಿ, ಅಂದ್ರೆ ತಿಂಗಳ ಒಟ್ಟು ಟ್ಯಾಕ್ಸಿನ ಲೆಕ್ಕ ಹಾಕಿ ಟ್ಯಾಕ್ಸ್ ಕಟ್ಟಿಸ್ಬೇಕು. ತಡ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಏನೂ ವ್ಯಾಪಾರ ಇಲ್ದೇ ನಿಲ್ ರಿಟರ್ನ್ ಆದ್ರೂ ದಿನಕ್ಕೆ 20, ಬಾಕಿ ಟ್ಯಾಕ್ಸಿಗೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಬೇರೆ. ಹಾಗಾಗಿ 20ರವರೆಗೂ ನಾನು ಪಕ್ಕಾ ಆಫೀಸಿನವಳ ಥರ ಕೂತಿರ್ತೀನಿ. 20 ಮುಗೀತಾ, ತಿಂಗಳ ಕೊನೇವರೆಗೂ ಬರೋ ಕೆಲಸ ದಿನಕ್ಕೆ ಎರಡ್ಮೂರು ಗಂಟೇದು ಅಷ್ಟೆ. 21ರ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗ್ಗೆ ಕುಮಟಾ, ತಾಳಗುಪ್ಪ ಟ್ರೈನ್ ಹತ್ತಿದ್ರೆ ಬೆಳಗ್ಗೆ ಸಾಗರ.

ಬರೀ ರಿಟರ್ನ್ ಹಾಕ್ಕೊಡ್ತೀನಿ ಅಂದ್ರೆ ಬೆಂಗಳೂರಲ್ಲಿ ಗಲ್ಲಿಗೊಬ್ರು ಇದಾರೆ, ಐನೂರು ರೂಪಾಯಿಗೂ ಮಾಡ್ತಾರೆ. ನಾನು ಹಿಡಿದಿದ್ದು ಆನ್‌ಲೈನ್ ಸೆಲ್ಲರ್ಸನ್ನ. ಅಮೆಜಾನು, ಫ್ಲಿಪ್‌ಕಾರ್ಟು, ಮೀಶೋದಲ್ಲಿ ಕುರ್ತಿ, ಸೀರೆ, ಚಟ್ನಿಪುಡಿ, ಪೂಜೆ ಸಾಮಾನು ಮಾರೋರು, ಬೆಂಗಳೂರಲ್ಲಿ ಮನೆಯಿಂದಾನೇ ಮಾಡೋರು ತುಂಬಾ ಜನ ಇದಾರೆ. ಇವ್ರ ಲೆಕ್ಕ ಪೂರ್ತಿ ಆನ್‌ಲೈನಲ್ಲೇ ಇರತ್ತೆ, ಸೆಲ್ಲರ್ ಪ್ಯಾನೆಲಿಂದ ರಿಪೋರ್ಟ್ ಇಳಿಸ್ಕೊಂಡ್ರೆ ಆಯ್ತು, ಅಂಗಡಿಗೆ ಹೋಗಿ ಬಿಲ್ ಬುಕ್ ತರ್ಬೇಕಿಲ್ಲ. ಮತ್ತೆ ಇವ್ರಿಗೆ ನಿಜವಾಗ್ಲೂ ಸಹಾಯ ಬೇಕಿರೋ ಜಾಗ ಒಂದಿದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ನನ್ನ ಬಿಸಿನೆಸ್ ನಿಂತಿರೋದೇ ಅದ್ರ ಮೇಲೆ.

ಒಂದು ಕುರ್ತಿ ಟ್ಯಾಕ್ಸ್ ಬಿಟ್ಟು 1000 ರೂಪಾಯಿ ಅಂತ ಇಟ್ಕೊಳ್ಳಿ, 5 ಪರ್ಸೆಂಟ್ ಜಿಎಸ್‌ಟಿ ಸೇರಿ ಗಿರಾಕಿ ಕೊಡೋದು 1050. ಕಮಿಷನ್ನು, ಕೊರಿಯರ್ ಚಾರ್ಜು ಅಂತ ಪ್ಲಾಟ್‌ಫಾರ್ಮ್ ಒಂದು 200 ಹಿಡಿದ್ರೆ ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 36. ಜಿಎಸ್‌ಟಿ ಕಾನೂನಿನ ಟಿಸಿಎಸ್, ಅಂದ್ರೆ ಪ್ಲಾಟ್‌ಫಾರ್ಮ್ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟೋ ಟ್ಯಾಕ್ಸು, ಅರ್ಧ ಪರ್ಸೆಂಟು, 5 ರೂಪಾಯಿ. ಹಂಗೇ ಇನ್‌ಕಮ್ ಟ್ಯಾಕ್ಸಿಗೆ ಅಂತ ಹಿಡಿಯೋ ಟಿಡಿಎಸ್ 0.1 ಪರ್ಸೆಂಟು, 1 ರೂಪಾಯಿ. ಬ್ಯಾಂಕಿಗೆ ಬಂದು ಬೀಳೋದು 808. ಮನೆಯಿಂದ ಮಾರೋರು ಎಷ್ಟೋ ಜನ ಈ 808ನೇ ಸೇಲ್ಸ್ ಅನ್ಕೊಂಡು ಲೆಕ್ಕ ಬರೀತಾರೆ. ಸೇಲ್ಸ್ 1000 ಅಂತಾನೇ ತೋರಿಸ್ಬೇಕು, ಆದ್ರೆ ಆ 36 ರೂಪಾಯಿ ಇನ್‌ಪುಟ್ ಕ್ರೆಡಿಟ್ ಆಗಿ, ಅಂದ್ರೆ ನಾವು ಕಟ್ಬೇಕಾದ ಜಿಎಸ್‌ಟಿಯಲ್ಲಿ ಕಳೆಯೋ ಹಾಗೆ ಸಿಗತ್ತೆ, 5 ರೂಪಾಯಿ ಟಿಸಿಎಸ್ ಪೋರ್ಟಲಲ್ಲಿ ಹೋಗಿ ಆಕ್ಸೆಪ್ಟ್ ಮಾಡಿದ್ರೆ ಕ್ಯಾಶ್ ಲೆಡ್ಜರಿಗೆ, ಅಂದ್ರೆ ಅಲ್ಲಿರೋ ನಮ್ಮ ದುಡ್ಡಿನ ಖಾತೆಗೆ ಬರತ್ತೆ, 1 ರೂಪಾಯಿ ಐಟಿ ರಿಟರ್ನಲ್ಲಿ ಕ್ಲೇಮ್ ಮಾಡ್ಬಹುದು. ಒಂದು ಕುರ್ತಿಗೆ ಇಷ್ಟು, ತಿಂಗಳಿಗೆ ನಾನೂರು ಐನೂರು ಕುರ್ತಿ ಮಾರೋರಿಗೆ ಎಷ್ಟಾಯ್ತು ನೋಡಿ. ಟಿಸಿಎಸ್ ಆಕ್ಸೆಪ್ಟ್ ಮಾಡ್ಬೇಕು ಅನ್ನೋದೇ ಗೊತ್ತಿಲ್ದೆ ವರ್ಷಗಟ್ಟಲೆ ದುಡ್ಡು ಹಂಗೇ ಬಿಟ್ಟಿರೋರನ್ನ ನಾನು ನೋಡಿದೀನಿ. ಇದ್ರ ಜೊತೆ ರಿಟರ್ನ್ ಬರೋ ಮಾಲು: ಈ ತಿಂಗಳು ಮಾರಿದ್ದು ಮುಂದಿನ ತಿಂಗಳು ವಾಪಸ್ ಬಂದ್ರೆ ಆ ತಿಂಗಳ ಲೆಕ್ಕದಲ್ಲಿ ಕಳೀಬೇಕು, ರಾಜ್ಯವಾರು ಬೇರೆ ಬೇರೆ ತೋರಿಸ್ಬೇಕು. ಎಕ್ಸೆಲಲ್ಲಿ ಆರ್ಡರ್ ನಂಬರ್ ಹಿಡಿದು ಸೇಲ್ಸ್ ರಿಪೋರ್ಟನ್ನ ಪೇಮೆಂಟ್ ರಿಪೋರ್ಟ್ ಜೊತೆ ತಾಳೆ ಹಾಕ್ತೀನಿ, ಮಾಲು ವಾಪಸ್ ಬಂತು ಅಂತ ದುಡ್ಡು ಹಿಡಿದಿದಾರೆ ಆದ್ರೆ ಮಾಲು ಕೈಗೆ ಬಂದಿಲ್ಲ ಅನ್ನೋವೆಲ್ಲಾ ಆವಾಗ ಸಿಗತ್ತೆ, ಆ ಪಟ್ಟಿ ಕ್ಲೈಂಟಿಗೆ ಕಳಿಸಿದ್ರೆ ಅವ್ರು ಕ್ಲೇಮ್ ಹಾಕ್ತಾರೆ. ನನ್ನ ಫೀಸಿಗಿಂತ ಜಾಸ್ತಿ ದುಡ್ಡು ವಾಪಸ್ ಬಂದ ತಿಂಗಳು ಅವ್ರೇ ಇನ್ನೊಬ್ರಿಗೆ ನನ್ನ ನಂಬರ್ ಕೊಡ್ತಾರೆ.

ಮೊದಲ ಕ್ಲೈಂಟ್ಸ್ ಯಾರೂ ಆನ್‌ಲೈನಲ್ಲಿ ಸಿಕ್ಕಿಲ್ಲ. ಬಸವೇಶ್ವರನಗರದಲ್ಲಿ ಸೀರೆ ಮಾರೋ ಒಬ್ರು ಅಕ್ಕ, ಅವ್ರು ಮಾಲು ತರೋ ಚಿಕ್ಕಪೇಟೆ ಹೋಲ್‌ಸೇಲ್ ಅಂಗಡಿಯವ್ರು, ಆ ಅಂಗಡಿಯವ್ರ ಭಾವಮೈದ, ಹಿಂಗೇ ಒಬ್ರಿಂದ ಒಬ್ರು. ಚಿಕ್ಕಪೇಟೆಯವ್ರು "ನೋಡಮ್ಮ, ನಮ್ ಲೆಕ್ಕ ನಿನ್ ಕೈಲಿ ಕೊಡ್ತಿದೀವಿ, ಕರೆದ್ರೆ ಫೋನ್ ಎತ್ಬೇಕು" ಅಂದ್ರು. ಮುಖ ನೋಡಿ, ಕಾಫಿ ಕುಡ್ದು, ಎರಡ್ಮೂರು ತಿಂಗಳು ಅವ್ರ ಎದುರಿಗೇ ಕೂತು ಕೆಲಸ ಮಾಡಿ ತೋರಿಸಿದ್ಮೇಲೆ ನಾನು ಎಲ್ಲಿಂದ ಮಾಡ್ತೀನಿ ಅಂತ ಯಾರೂ ಕೇಳ್ಲಿಲ್ಲ. ಸುತ್ತಾಡಕ್ಕೆ ಹೊರಡೋ ಮುಂಚೆ ಊರಲ್ಲಿ ನಂಬಿಕೆ ಸಂಪಾದಿಸ್ಕೊಳ್ಳಿ ಅಂತ ನಾನು ಕೇಳ್ದೋರಿಗೆಲ್ಲಾ ಹೇಳೋದು ಇದಕ್ಕೇ.

2025ರ ಜುಲೈನಲ್ಲಿ ಯುಪಿಐ ವ್ಯವಹಾರ ನೋಡಿ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ಅಂಗಡಿಗಳಿಗೆ ನೋಟಿಸ್ ಹೋಯ್ತಲ್ಲ, ಬೇಕರಿ, ಕಾಂಡಿಮೆಂಟ್ಸು, ತರಕಾರಿ ಅಂಗಡಿಯವ್ರು ಕ್ಯೂಆರ್ ಕೋಡ್ ತೆಗೆದಿಟ್ಟು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ದು, ಆವಾಗ ತುಂಬಾ ಜನ ಗಾಬರಿಯಾಗಿ ಫೋನ್ ಮಾಡಿದ್ರು. ಬರೀ ಮಾಲು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ್ರೆ ರಿಜಿಸ್ಟ್ರೇಷನ್ ಬೇಕು, ತಾಜಾ ತರಕಾರಿ, ಹಾಲಿಗೆ ಟ್ಯಾಕ್ಸೇ ಇಲ್ಲ, ಸಣ್ಣ ವ್ಯಾಪಾರಿಗಳಿಗೆ ಕಾಂಪೊಸಿಷನ್ ಸ್ಕೀಮಲ್ಲಿ ವ್ಯಾಪಾರದ ಮೊತ್ತಕ್ಕೆ 1 ಪರ್ಸೆಂಟ್ ಕಟ್ಟೋ ದಾರಿ ಇದೆ ಅಂತ ಇಷ್ಟು ಸಮಾಧಾನವಾಗಿ ಕನ್ನಡದಲ್ಲಿ ಹೇಳೋರು ಬೇಕಿತ್ತು ಅವ್ರಿಗೆ. ಫೋನಲ್ಲಿ ಹೇಳಿದ್ದಕ್ಕೆ ನಾನು ದುಡ್ಡು ತಗೊಂಡಿಲ್ಲ, ಅವ್ರಲ್ಲಿ ಕೆಲವ್ರು ಆಮೇಲೆ ಕ್ಲೈಂಟ್ಸ್ ಆದ್ರು. ಕನ್ನಡದಲ್ಲಿ ವಾಟ್ಸಾಪ್ ವಾಯ್ಸ್ ಮೆಸೇಜ್ ಹಾಕಿ ಲೆಕ್ಕ ವಿವರಿಸೋ ಅಕೌಂಟೆಂಟಿಗೆ ಈ ಊರಲ್ಲಿ ಕೆಲಸಕ್ಕೆ ಕೊರತೆ ಇಲ್ಲ ಅಂತ ನಾನು ಮನಸಾರೆ ನಂಬ್ತೀನಿ.

ದೂರದಿಂದ ಮಾಡೋವಾಗ ದೊಡ್ಡ ತಲೆನೋವು ಒಟಿಪಿ. ಪ್ರೊಪ್ರೈಟರ್, ಅಂದ್ರೆ ಒಬ್ರೇ ಮಾಲೀಕರು ಆದ್ರೆ ರಿಟರ್ನ್ ಫೈಲ್ ಮಾಡಕ್ಕೆ ಅವ್ರ ಮೊಬೈಲಿಗೆ ಒಟಿಪಿ ಬರತ್ತೆ, ಕಂಪನಿ, ಎಲ್‌ಎಲ್‌ಪಿ (ಒಂಥರಾ ಪಾಲುದಾರಿಕೆ ಸಂಸ್ಥೆ) ಆದ್ರೆ ಡಿಎಸ್‌ಸಿ ಅನ್ನೋ ಡಿಜಿಟಲ್ ಸಹಿ ಬೇಕು, ಪೆನ್‌ಡ್ರೈವ್ ಥರ ಇರತ್ತಲ್ಲ ಆ ಟೋಕನ್. ಮಧ್ಯಾಹ್ನ ಅಂಗಡೀಲಿ ಗಿರಾಕಿ ತುಂಬಿರೋವಾಗ ಫೋನ್ ಮಾಡಿದ್ರೆ ಯಾರೂ ಎತ್ತಲ್ಲ. ಅದಕ್ಕೆ ಪ್ರತಿಯೊಬ್ರಿಗೂ ಒಂದು ಟೈಮ್ ಕೊಟ್ಟಿದೀನಿ, ಬೆಳಗ್ಗೆ ಅಂಗಡಿ ತೆಗೆಯೋ ಮುಂಚೆ ಇಲ್ಲಾ ರಾತ್ರಿ ಮುಚ್ಚಿದ್ಮೇಲೆ, ಹಿಂದಿನ ದಿನಾನೇ ಮೆಸೇಜ್ ಹೋಗಿರತ್ತೆ. ಯಾವ ಕ್ಲೈಂಟಿನ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡೂ ನನ್ನ ಹತ್ರ ಇಲ್ಲ, ಕೊಡ್ತೀನಿ ಅಂದ್ರೂ ಬೇಡ ಅಂತೀನಿ. ಚಲನ್ ನಾನು ಮಾಡ್ತೀನಿ, ದುಡ್ಡು ಅವ್ರೇ ಕಟ್ತಾರೆ. ಇದ್ರಲ್ಲಿ ರಾಜಿ ಇಲ್ಲ, ಬಸ್ ಸ್ಟ್ಯಾಂಡು ಹೋಂಸ್ಟೇ ಅಂತ ಲ್ಯಾಪ್‌ಟಾಪ್ ಹಿಡ್ಕೊಂಡು ಓಡಾಡೋರು ಇನ್ನೊಬ್ರ ದುಡ್ಡಿನ ಬೀಗದಕೈ ಇಟ್ಕೋಬಾರ್ದು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದೀನಿ, ಹೋಟೆಲ್ ವೈಫೈಯಲ್ಲಿ ಪೋರ್ಟಲ್ ತೆಗೆಯಲ್ಲ, ನನ್ನ ಮೊಬೈಲ್ ಹಾಟ್‌ಸ್ಪಾಟೇ.

ಸಿಎ ಓದಿರ್ಬೇಕಾ ಅಂತ ಕೇಳ್ತಾರೆ. ಬುಕ್‌ಕೀಪಿಂಗಿಗೆ ಬೇಡ. ಬಿಕಾಂ ಆಗಿದ್ರೆ ಪೋರ್ಟಲಲ್ಲೇ ಜಿಎಸ್‌ಟಿ ಪ್ರಾಕ್ಟೀಷನರ್ ಆಗಕ್ಕೆ ಅರ್ಜಿ ಹಾಕ್ಬಹುದು, ಪರೀಕ್ಷೆ ಇರತ್ತೆ, ಅರ್ಧ ಮಾರ್ಕ್ಸ್ ಬಂದ್ರೆ ಪಾಸು. ಆಡಿಟ್ ಮಾತ್ರ ಸಿಎನೇ ಮಾಡ್ಬೇಕು, ಅಂಥಾವನ್ನ ನಾನು ನಮ್ಮ ಹಳೇ ಆಫೀಸಿನ ಸರ್ ಹತ್ರ ಕಳಿಸ್ತೀನಿ, ಅವ್ರು ಸಣ್ಣ ಕ್ಲೈಂಟ್ಸನ್ನ ನನ್ನ ಹತ್ರ ಕಳಿಸ್ತಾರೆ.

ಇನ್ನು ದುಡ್ಡಿನ ವಿಷಯ. ಕೆಲಸ ಎಷ್ಟಿದೆ ನೋಡಿ ಒಬ್ರಿಗೆ ತಿಂಗಳಿಗೆ 2000ದಿಂದ 6000 ತಗೊಳ್ತೀನಿ, ತಿಂಗಳ 5ರೊಳಗೆ ಯುಪಿಐ ಬರ್ಬೇಕು ಅಂತ ಮೊದಲೇ ಮಾತು. ಹತ್ತು ಹನ್ನೆರಡು ಜನ ಆದ್ರೆ ಒಬ್ರ ಖರ್ಚು ನೆಮ್ಮದಿಯಾಗಿ ಕಳೆಯತ್ತೆ, ಅದೂ ಬೆಂಗಳೂರಲ್ಲಿ ದೊಡ್ಡ ಬಾಡಿಗೆ ಇಲ್ದಿದ್ರೆ. ನಾನು ಮಾಡಿದ್ದು, ವಿಜಯನಗರದಲ್ಲಿದ್ದ ಒಂದು ಬೆಡ್‌ರೂಮ್ ಮನೆ ಬಿಟ್ಟೆ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಟ್ಟಿದ್ದೆ, ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡಿದು ಉಳಿದಿದ್ದು ವಾಪಸ್ ಬಂತು, ಅದನ್ನ ಎಫ್‌ಡಿ ಮಾಡಿ ಮುಟ್ಟದೇ ಇಟ್ಟಿದೀನಿ. 1ರಿಂದ 20ರವರೆಗೆ ಅಮ್ಮನ ಮನೇಲಿ ಒಂದು ರೂಮು, ಅಲ್ಲಿಗೆ ತಿಂಗಳಿಗಿಷ್ಟು ಅಂತ ಕೊಡ್ತೀನಿ. ಮೊದಮೊದಲು "ಹೆಣ್ಣುಮಗಳು ಒಬ್ಳೇ ಎಲ್ಲಿಗೆ ಹೋಗ್ತೀಯೇ" ಅಂತಿದ್ರು ಅಮ್ಮ, ಈಗ ಸಿರ್ಸಿಯಿಂದ ಅಪ್ಪೆಮಿಡಿ ತರ್ತೀಯಾ ಅಂತ ಕೇಳ್ತಾರೆ. ಹೆಲ್ತ್ ಇನ್ಶೂರೆನ್ಸ್ ಸ್ವಂತಕ್ಕೆ ಮಾಡಿಸ್ಕೊಳ್ಳಿ, ಕೆಲಸ ಬಿಟ್ಟ ತಕ್ಷಣ ಕಂಪನೀದು ಹೋಗತ್ತೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್ ಪಾಲಿಸಿಗೆ ಜಿಎಸ್‌ಟಿನೂ ಇಲ್ಲ.

ಅದೇ ದಿನದಿಂದ ಬಟ್ಟೆ ರೇಟೂ ಬದ್ಲಾಯ್ತು, 2500ರವರೆಗಿನ ಉಡುಪಿಗೆ 5 ಪರ್ಸೆಂಟು, ಮೇಲಿದ್ರೆ 18. ಎಲ್ಲಾ ಕ್ಲೈಂಟ್ಸಿನ ಪಟ್ಟೀಲೂ ತಿದ್ದಬೇಕಿತ್ತು, ಆ ತಿಂಗಳು ನಾನು ಬೆಂಗಳೂರು ಬಿಟ್ಟು ಕದಲ್ಲಿಲ್ಲ. ಮಾರ್ಚ್ ಕೊನೆ, ಜುಲೈ ಕೊನೇಲೂ ಹೋಗಲ್ಲ, ಆಗ ಐಟಿ ರಿಟರ್ನ್ ಗಡಿಬಿಡಿ, ಮಲೆನಾಡಲ್ಲಿ ಆಗ ಹೆಂಗಿದ್ರೂ ಮಳೆ ಹೊಡೀತಿರತ್ತೆ, ಕರೆಂಟ್ ಹೋದ್ರೆ ಎರಡು ದಿನ ಬರ್ದೇ ಇರೋದೂ ಉಂಟು. ಹೋಂಸ್ಟೇ ಬುಕ್ ಮಾಡೋ ಮುಂಚೆ ನಾನು ಕೇಳೋದು ಎರಡೇ: ಫೈಬರ್ ಇದ್ಯಾ, ರೂಟರಿಗೆ ಯುಪಿಎಸ್ ಇದ್ಯಾ. ಒಳಗಿನ ಹಳ್ಳಿಗಳಲ್ಲಿ ಎಷ್ಟೋ ಕಡೆ ಬಿಎಸ್‌ಎನ್‌ಎಲ್ ಫೈಬರ್ ಒಂದೇ ಗತಿ, ಇದ್ರೆ ಚೆನ್ನಾಗೇ ಬರತ್ತೆ. ಸಿಮ್ ಎರಡು ಬೇರೆ ಬೇರೆ ಕಂಪನೀದು ಇಟ್ಕೊಳ್ಳಿ.

ಲೆಕ್ಕ ಬರದಿದ್ರೂ ಬೇರೆ ದಾರಿ ಇದೆ. ನನ್ನ ಗೆಳತಿ ಒಬ್ಳು ವೈಟ್‌ಫೀಲ್ಡು, ಬೆಳ್ಳಂದೂರಿನ ಐಟಿಯವ್ರಿಗೆ ಜೂಮಲ್ಲಿ ಸಂಜೆ ಬ್ಯಾಚ್ ಮಾಡಿ ಮಾತಾಡೋ ಕನ್ನಡ ಕಲಿಸ್ತಾಳೆ, ಆಟೋದಲ್ಲಿ, ತರಕಾರಿ ಅಂಗಡೀಲಿ ಬೇಕಾಗೋ ಮಾತುಗಳಿಂದ ಶುರು ಮಾಡ್ತಾಳೆ, ಮೈಸೂರಲ್ಲಿದ್ರೂ ಮಡಿಕೇರೀಲಿದ್ರೂ ಕ್ಲಾಸ್ ನಡೆಯತ್ತೆ. ಇನ್ನೊಬ್ಬ ಸಿನಿಮಾ, ಸೀರೀಸಿಗೆ ಕನ್ನಡ ಸಬ್‌ಟೈಟಲ್ ಮಾಡ್ತಾನೆ, ನಿಮಿಷಕ್ಕೆ ಇಷ್ಟು ಅಂತ ರೇಟು. ಇಬ್ರದ್ದೂ ಗೊತ್ತಿರೋ ಕೆಲಸಾನೇ ಹಿಡಿದು ಮಾಡಿದ್ದು.

ನಾನೀಗ ತುಮಕೂರಿನ ಒಬ್ಳು ಹುಡುಗಿಗೆ ಸೇಲ್ಸ್, ಪೇಮೆಂಟ್ ರಿಪೋರ್ಟ್ ತಾಳೆ ಹಾಕೋದು ಕಲಿಸ್ತಿದೀನಿ, ಬಿಕಾಂ ಕೊನೇ ವರ್ಷ, ಎಕ್ಸೆಲ್ ಕೈ ಚುರುಕು. ದಿನಕ್ಕೆ ಮೂರು ಗಂಟೆ ಮನೆಯಿಂದಾನೇ ಮಾಡ್ತಾಳೆ, ಸಂಬಳ ತಿಂಗಳ 6ಕ್ಕೆ ಹಾಕ್ತೀನಿ. 2ಬಿ ತಾಳೆ ಹಾಕೋದೂ ಅವಳಿಗೆ ಬಂದ್ಬಿಟ್ರೆ ಮುಂದಿನ ವರ್ಷ 15ಕ್ಕೇ ಹೊರಡಬಹುದು.