ಹಳ್ಳಿಯ ಮನೆಯಲ್ಲಿ ರೊಟ್ಟಿ-ಚಟ್ನಿ ಉದ್ಯೋಗ: ಪುಣೆ ಜಿಲ್ಲೆಯಲ್ಲಿ ಜಾಗದ ಕಾಗದ ಮಾಡಿಸಿದ ನನ್ನ ಅನುಭವ

ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ ಮಾಡಿ ಮಾರುವ ನಮ್ಮ ಕನ್ನಡದವರು ಸಾಕಷ್ಟಿದ್ದಾರೆ. ಈ ಜಾಗದಲ್ಲಿ ಉದ್ಯೋಗ ನಡೆಸಬಹುದು ಎನ್ನುವ ‘ಝೋನಿನ ಪರವಾನಗಿ ಯಾವ ಆಫೀಸಿನಲ್ಲಿ ಸಿಗುತ್ತದೆ’ ಅನ್ನುವುದು ಅವರೆಲ್ಲರ ಮೊದಲ ಪ್ರಶ್ನೆ. ಆ ಹೆಸರಿನ ಒಂದೇ ಕಾಗದವನ್ನು ಇಲ್ಲಿ ಯಾರೂ ಕೊಡುವುದಿಲ್ಲ. ಮುಳಶಿ ತಾಲೂಕಿನ ಮನೆಗೆ ನಾನು ಮಾಡಿದ್ದು ಎರಡು ಕೆಲಸ. ಮನೆ ನಿಂತಿರುವ ಜಾಗ ವಾಸಕ್ಕೆ ಸಕ್ರಮವೆಂದು ಕಾಗದದಲ್ಲಿ ತೋರಿಸಿದೆ. ಉದ್ಯೋಗವನ್ನು ವಾಸದ ಮನೆಗೆ ಒಪ್ಪುವ ಮಿತಿಯೊಳಗೆ ಇಟ್ಟುಕೊಂಡೆ. ಇವೆರಡೂ ಸರಿಯಿದ್ದರೆ ಔದ್ಯೋಗಿಕ ಬಳಕೆಯ ಎನ್‌ಎ (ಕೃಷಿಯೇತರ ಬಳಕೆಯ ಅನುಮತಿ) ಕಡೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಜಾಗದಿಂದ ಶುರು ಮಾಡಬೇಕು. ನಮ್ಮ ಕಡೆ ಪಹಣಿ ಇದ್ದ ಹಾಗೆ ಇಲ್ಲಿ ಸಾತ್‌ಬಾರಾ. ಡಿಜಿಟಲ್ ಸಹಿ ಇರುವ ಪ್ರತಿ ಮಹಾಭೂಮಿ ಜಾಲತಾಣದಲ್ಲಿ 15 ರೂಪಾಯಿಗೆ ಸಿಗುತ್ತದೆ. ಅದರಲ್ಲಿ ನಾನು ನೋಡುವುದು ಭೋಗವಟಾದಾರ್ (ಜಮೀನಿನ ಹಕ್ಕುದಾರ) ವರ್ಗ 1 ಇದೆಯೋ 2 ಇದೆಯೋ, ‘ಇತರ ಹಕ್ಕು’ ಕಾಲಮಿನಲ್ಲಿ ಏನಿದೆ, ಒಂದೇ ಗಟ್ ನಂಬರಿನ (ನಮ್ಮ ಸರ್ವೆ ನಂಬರಿನಂಥದ್ದು) ಮೇಲೆ ಎಷ್ಟು ಹೆಸರುಗಳಿವೆ ಎಂಬುದನ್ನು. ವರ್ಗ 2 ಎಂದರೆ ಇನಾಮು, ವತನ ಮೊದಲಾದ ಷರತ್ತಿನ ಜಮೀನು. ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಬಳಕೆ ಬದಲಾಗದು. ಒಂದೆರಡು ಗುಂಠೆ ಕೊಂಡವರ ಹೆಸರು ಹತ್ತಾರು ಜನರ ಜೊತೆ ಸಾಮೂಹಿಕ ಸಾತ್‌ಬಾರಾದಲ್ಲಿ ಇದ್ದರೆ ಅವರ ತುಂಡು ಯಾವುದೆಂದು ಯಾವ ನಕ್ಷೆಯೂ ಹೇಳುವುದಿಲ್ಲ. ಅಂಥಲ್ಲಿ ಮೊದಲು ಭೂಮಿ ಅಭಿಲೇಖ (ಭೂದಾಖಲೆ) ಕಚೇರಿಯಿಂದ ಮೋಜಣಿ, ಅಂದರೆ ಅಳತೆ ಆಗಬೇಕು. ಅದಕ್ಕೂ ಸಹ-ಹಿಸ್ಸೆದಾರರ ತಕರಾರು ಬರುವುದು ಇದ್ದದ್ದೇ.

ಮನೆ ಹಳೆಯ ಗಾವಠಾಣದ (ಊರಿನ ವಾಸದ ಜಾಗದ) ಒಳಗಿದ್ದರೆ ಸಾತ್‌ಬಾರಾ ಇರುವುದಿಲ್ಲ. ಪಂಚಾಯಿತಿಯ ನಮೂನೆ 8 (ಮನೆ ತೆರಿಗೆಯ ಉತಾರೆ), ಸಿಟಿ ಸರ್ವೆ ಅಥವಾ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ ಆಗಿದ್ದರೆ ಪ್ರಾಪರ್ಟಿ ಕಾರ್ಡು, ಇಷ್ಟು ಸಾಕು. ಎಲ್ಲಕ್ಕಿಂತ ಸುಲಭದ ದಾರಿ ಇದು. ಗಾವಠಾಣದ ಗಡಿಯಿಂದ 200 ಮೀಟರಿನೊಳಗಿನ ಹೊಲದಲ್ಲಿ ಮನೆ ಇದ್ದರೆ ಮಹಾರಾಷ್ಟ್ರ ಜಮೀನು ಮಹಸೂಲ್ ಸಂಹಿತೆ, 1966ರ ಕಲಂ 42-ಡಿ ನಾನು ವಿಚಾರಿಸಿದಾಗ ಕೆಲಸಕ್ಕೆ ಬರುತ್ತಿತ್ತು. ವಾಸದ ಬಳಕೆಗೆ ಆ ಜಾಗವನ್ನು ಪರಿವರ್ತನೆಯಾದಂತೆ ಭಾವಿಸಿ, ತಹಶೀಲ್ದಾರರು ರೂಪಾಂತರ ಕರ ಮತ್ತು ಅಕೃಷಿಕ ಆಕಾರಣಿ (ಕೃಷಿಯೇತರ ಕಂದಾಯ) ಲೆಕ್ಕ ಹಾಕಿ ಚಲನ್ ಕೊಡುತ್ತಿದ್ದರು. ಹಣ ತುಂಬಿದ ಚಲನನ್ನು ಜೋಪಾನವಾಗಿಡಿ. 200 ಮೀಟರ್ ಅಳೆಯುವುದು ಮಂಜೂರಾದ ಗಾವಠಾಣದ ಗಡಿಯಿಂದಲೇ ಹೊರತು ಊರಿನ ಕೊನೆಯ ಮನೆಯಿಂದ ಅಲ್ಲ. ಬಹಳ ಅರ್ಜಿಗಳು ತಿರಸ್ಕಾರವಾಗುವುದು ಇಲ್ಲೇ. ಈ ಕಲಮುಗಳಿಗೆ ತಿದ್ದುಪಡಿ ಆಗುತ್ತಲೇ ಇರುತ್ತವೆ, ಆದ್ದರಿಂದ ಅರ್ಜಿ ಬರೆಯುವ ಮುನ್ನ ಸದ್ಯ ಜಾರಿಯಲ್ಲಿರುವ ರೂಪವನ್ನು ತಹಶೀಲಿನಲ್ಲಿ ಕೇಳಿಕೊಳ್ಳಿ.

ಇದಕ್ಕಿಂತ ದೂರದಲ್ಲಿದ್ದರೆ ಝೋನ್ ದಾಖಲೆ (ಜಾಗ ಯಾವ ಬಳಕೆಗೆ ಮೀಸಲು ಎಂದು ಹೇಳುವ ಪತ್ರ) ಬೇಕು. ಪಿಎಂಆರ್‌ಡಿಎ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ವ್ಯಾಪ್ತಿಯ ಹಳ್ಳಿಗಳಿಗೆ ಅಲ್ಲಿಂದ, ಉಳಿದವಕ್ಕೆ ಜಿಲ್ಲೆಯ ನಗರರಚನಾ ಕಚೇರಿಯಿಂದ. ಹೊಸ ಸಾತ್‌ಬಾರಾ ಮತ್ತು ಮೋಜಣಿ ನಕ್ಷೆ ಲಗತ್ತಿಸಿ ಅರ್ಜಿ ಹಾಕುವಾಗ ದಾಖಲೆಯ ಜೊತೆಗೆ ಭಾಗ ನಕ್ಷೆಯನ್ನೂ ಕೇಳಿ. ಬರೀ ದಾಖಲೆಯಲ್ಲಿ ‘ಭಾಗಶಃ ವಾಸ, ಭಾಗಶಃ ಶೇತಿ (ಕೃಷಿ)’ ಎಂದು ಒಂದು ಸಾಲು ಬರೆದರೆ ನಿಮ್ಮ ಮನೆ ಯಾವ ಭಾಗದಲ್ಲಿದೆ ಅನ್ನುವುದು ಗೊತ್ತಾಗುವುದಿಲ್ಲ. ಮುಳಾ, ಮುಠಾ, ಪವನಾ ನದಿಗಳ ದಂಡೆಯಲ್ಲಿ ನೀಲಿ ರೇಖೆ, ಕೆಂಪು ರೇಖೆ ಎಲ್ಲಿ ಹಾದುಹೋಗಿವೆ ಎಂಬುದೂ ಆ ನಕ್ಷೆಯಲ್ಲೇ ಕಾಣುವುದು. 25 ವರ್ಷಕ್ಕೊಮ್ಮೆ ಬರುವ ಪ್ರವಾಹದ ಮಟ್ಟ ನೀಲಿ, 100 ವರ್ಷಕ್ಕೊಮ್ಮೆಯದು ಕೆಂಪು. ನೀಲಿಯೊಳಗೆ ಮನೆ ಇದ್ದರೆ ಈ ದಾರಿ ಬಿಟ್ಟುಬಿಡುವುದು ಲೇಸು.

ನಮೂನೆ 8ರ ಬಗ್ಗೆ ಒಂದು ಮಾತು. ಹೊಲದಲ್ಲಿ ಕಟ್ಟಿದ ಮನೆಗೂ ಪಂಚಾಯಿತಿ ಮನೆ ತೆರಿಗೆ ಹಾಕುತ್ತದೆ, ರಸೀದಿ ಕೊಡುತ್ತದೆ. ಅದನ್ನೇ ಪರವಾನಗಿ ಎಂದು ಏಜೆಂಟರು ಮಾರುತ್ತಾರೆ. ನಿಂತ ಗೋಡೆಗೆ ಕರ ವಸೂಲಿ ಮಾಡುವುದಷ್ಟೇ ಆ ಕಾಗದದ ಕೆಲಸ. ಮಾಲೀಕತ್ವವಾಗಲಿ ಕಟ್ಟಡದ ಅನುಮತಿಯಾಗಲಿ ಅದರಿಂದ ಸಿದ್ಧವಾಗದು.

ಈಗ ಉದ್ಯೋಗದ ಕಡೆ. ಮುಂಬಯಿ ಮತ್ತು ಇನ್ನು ಕೆಲವು ಪ್ರದೇಶ ಬಿಟ್ಟು ರಾಜ್ಯದ ಉಳಿದ ಕಡೆಗೆಲ್ಲ 2020ರ ಡಿಸೆಂಬರಿನಲ್ಲಿ ಕಟ್ಟಡ ಮತ್ತು ಜಾಗದ ಬಳಕೆಗೆ ಒಂದೇ ನಿಯಮಾವಳಿ ಬಂತು. ಎಲ್ಲರ ಬಾಯಲ್ಲಿ ಅದು ಯುಡಿಸಿಪಿಆರ್. ಅದರಲ್ಲಿ ‘ಹೋಮ್ ಆಕ್ಯುಪೇಷನ್’ ಎಂಬ ವ್ಯಾಖ್ಯೆ ಇದೆ. ವಾಸದ ಮನೆಯಲ್ಲಿ ಏನು ನಡೆಸಬಹುದು ಅನ್ನುವುದನ್ನು ತೀರ್ಮಾನಿಸುವುದು ಆ ಒಂದು ಪ್ಯಾರಾ. ಸಾರಾಂಶ ಹೀಗೆ: ಆ ಮನೆಯಲ್ಲೇ ವಾಸಿಸುವ ಕುಟುಂಬದವರು ಮಾಡಬೇಕು, ಸಂಬಳದ ಆಳು ಇರಬಾರದು. ಹೊರಗಿನಿಂದ ನೋಡಿದರೆ ವ್ಯವಹಾರ ನಡೆಯುತ್ತಿದೆ ಎಂದು ಹೇಳುವ ಫಲಕ ಕೂಡದು. ಅಲ್ಲೇ ತಯಾರಾದದ್ದನ್ನು ಬಿಟ್ಟು ಬೇರೆ ಮಾಲು ಮಾರುವಂತಿಲ್ಲ. ಗಿರಾಕಿಗಳನ್ನು ಕೂರಿಸಿ ಊಟ-ತಿಂಡಿ ಕೊಡುವಂತಿಲ್ಲ. ಮನೆಬಳಕೆಯ ಉಪಕರಣಗಳಷ್ಟೇ ಇರಬೇಕು, ಮೋಟಾರು ಬಳಸಿದರೆ ಒಟ್ಟು ವಿದ್ಯುತ್ ಲೋಡು 0.75 ಕಿಲೋವಾಟ್ ಮೀರಬಾರದು.

ಕೊನೆಯ ಅಂಕಿಯೇ ಇಡೀ ಉದ್ಯೋಗದ ಆಕಾರ ನಿರ್ಧರಿಸುತ್ತದೆ. 0.75 ಕಿಲೋವಾಟ್ ಎಂದರೆ ಹೆಚ್ಚುಕಡಿಮೆ 1 ಎಚ್‌ಪಿ. ಅಡುಗೆಮನೆಯ ದೊಡ್ಡ ಮಿಕ್ಸರೇ 750 ವಾಟ್. ಪೇಟೆಯಲ್ಲಿ ಸಿಗುವ ಘರ್‌ಘಂಟಿ ಹಿಟ್ಟಿನ ಯಂತ್ರದ ಮೋಟಾರು ಸಾಮಾನ್ಯವಾಗಿ 1 ಎಚ್‌ಪಿ. ಎರಡನ್ನೂ ಉದ್ಯೋಗದ ಸಾಮಾನು ಎಂದು ಪಟ್ಟಿಯಲ್ಲಿ ಬರೆದರೆ ಅಲ್ಲಿಗೇ ಮಿತಿ ದಾಟಿತು. ಅದಕ್ಕೇ ನಾನು ಬೀಸುವುದನ್ನು ಮನೆಯಿಂದ ಹೊರಗಿಟ್ಟೆ. ಜೋಳ ಊರಿನ ಗಿರಣಿಗೆ ಹೋಗುತ್ತದೆ. ಹಿಟ್ಟು ಕಲಸುವುದು, ಬಡಿಯುವುದು, ಬೇಯಿಸುವುದು ಕೈಯಲ್ಲಿ, ಗ್ಯಾಸಿನ ಮೇಲೆ. ಚಟ್ನಿಗೆ ಒಂದೇ ಮಿಕ್ಸರು. ಪ್ಯಾಕಿಂಗಿಗೆ ಕೈಯಿಂದ ಒತ್ತುವ ಸೀಲರು. ಕಾವಿನ ಉಪಕರಣ ‘ಮೋಟಾರು’ ಅಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಮಾತು ‘ಒಟ್ಟು ಲೋಡು’ ಎಂದಿರುವುದರಿಂದ 2 ಕಿಲೋವಾಟಿನ ವಿದ್ಯುತ್ ಒಲೆ ಇಟ್ಟು ಆ ವಾದಕ್ಕೆ ನಿಲ್ಲುವುದು ನನಗೆ ಸರಿ ಕಾಣಲಿಲ್ಲ.

ಮಸಾಲೆ ಬೀಸುವ ಯಂತ್ರ ತರುವ ಆಸೆ ಇದ್ದವರು ಇನ್ನೊಂದನ್ನು ಗಮನಿಸಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ವರ್ಗೀಕರಣದಲ್ಲಿ 20 ಎಚ್‌ಪಿ ತನಕದ ಮಸಾಲೆ ಗ್ರೈಂಡಿಂಗ್ ಹಸಿರು ವರ್ಗಕ್ಕೆ ಸೇರಿತ್ತು. ಹಸಿರು ಎಂದರೆ ರಾಜ್ಯ ಮಂಡಳಿಯ ಸಮ್ಮತಿಪತ್ರ ಬೇಕು. ಮೆಣಸಿನಕಾಯಿ ಘಾಟು ಪಕ್ಕದ ಮನೆಗೆ ಹೋದ ದಿನವೇ ತಕರಾರು ಅರ್ಜಿ ಪಂಚಾಯಿತಿಗೆ ಹೋಗುತ್ತದೆ, ಅದು ಬೇರೆ.

ಪಂಚಾಯಿತಿಯ ನಾ-ಹರಕತ್ (ಆಕ್ಷೇಪಣೆ ಇಲ್ಲ ಎಂಬ) ದಾಖಲೆಗೆ ಅರ್ಜಿ ಮರಾಠಿಯಲ್ಲೇ ಬರೆಯಬೇಕು. ಹೆಸರಿನ ಅಕ್ಷರಗಳು ಆಧಾರ್, ನಮೂನೆ 8, ವಿದ್ಯುತ್ ಬಿಲ್ಲು ಮೂರರಲ್ಲೂ ಒಂದೇ ಇರಲಿ. ನಮ್ಮ ಅಡ್ಡಹೆಸರುಗಳನ್ನು ಅವರು ತಮಗೆ ತೋಚಿದಂತೆ ಬರೆದಿರುತ್ತಾರೆ. ವಿಷಯದ ಸಾಲಿನಲ್ಲಿ ‘ಕಾರಖಾನಾ’ ಎಂಬ ಪದ ಬೇಡ. ‘ರಾಹತ್ಯಾ ಘರಾತ್ ಘರಗುತಿ ಸ್ವರೂಪಾಚಾ ಗೃಹಉದ್ಯೋಗ’ (ವಾಸದ ಮನೆಯಲ್ಲಿ ಮನೆಮಟ್ಟದ ಗೃಹೋದ್ಯೋಗ) ಎಂದು ಬರೆದೆ. ಕೆಳಗೆ, ಮನೆಯ ಒಟ್ಟು ಕ್ಷೇತ್ರದಲ್ಲಿ ಉದ್ಯೋಗಕ್ಕೆ ಎಷ್ಟು ಚದರ ಅಡಿ, ಯಾರು ಕೆಲಸ ಮಾಡುತ್ತಾರೆ, ಉಪಕರಣಗಳು ಮತ್ತು ಅವುಗಳ ವಾಟ್, ತ್ಯಾಜ್ಯ ನೀರು ಎಲ್ಲಿಗೆ ಹೋಗುತ್ತದೆ, ಗಾಡಿ ಎಲ್ಲಿ ನಿಲ್ಲುತ್ತದೆ. ವ್ಯಾಖ್ಯೆಯ ಷರತ್ತುಗಳನ್ನೇ ಸಾದಾ ಕಾಗದದ ಮೇಲೆ ಸ್ವಯಂಘೋಷಣೆಯಾಗಿ ಬರೆದು ಸಹಿ ಮಾಡಿ, ಚತುಃಸೀಮೆಯ ನಾಲ್ಕೂ ಮನೆಯವರ ಒಪ್ಪಿಗೆ ಸಹಿ ಸೇರಿಸಿದೆ. ಆ ಸಹಿಗಳನ್ನು ಯಾವ ಕಾನೂನೂ ಕೇಳುವುದಿಲ್ಲ, ಆದರೆ ಸಭೆಯಲ್ಲಿ ಅವು ಇದ್ದರೆ ಚರ್ಚೆ ಬೇಗ ಮುಗಿಯುತ್ತದೆ. ಗ್ರಾಮಸೇವಕರು (ಪಂಚಾಯಿತಿಯ ಅಧಿಕಾರಿ) ಬರೀ ಲೆಟರ್‌ಹೆಡ್ಡಿನ ಮೇಲೆ ಸಹಿ ಹಾಕಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಮಾಸಿಕ ಸಭೆಯ ಠರಾವಿನ ಸಂಖ್ಯೆ, ತಾರೀಖು ದಾಖಲೆಯ ಮೇಲೆ ಇರಬೇಕು. ಸರಪಂಚರು ಬದಲಾದಾಗ ನಿಲ್ಲುವುದು ಠರಾವು ಮಾತ್ರ.

ತ್ಯಾಜ್ಯ ನೀರಿಗೆ ಹಿತ್ತಲಲ್ಲಿ 1 ಮೀಟರ್ ಉದ್ದ, ಅಗಲ, ಆಳದ ಇಂಗುಗುಂಡಿ ಸಾಕು: ತಳದಲ್ಲಿ ದೊಡ್ಡ ಕಲ್ಲು, ನಡುವೆ ಸಣ್ಣ ಕಲ್ಲು, ಮೇಲೆ ಜಲ್ಲಿ. ಎಣ್ಣೆ, ಹಿಟ್ಟು ನೇರವಾಗಿ ಹೋದರೆ ಒಂದೇ ಮಳೆಗಾಲಕ್ಕೆ ಗುಂಡಿ ಕಟ್ಟಿಕೊಳ್ಳುತ್ತದೆ, ಅದಕ್ಕೆ ಗುಂಡಿಗೆ ಮುಂಚೆ ಜಾಳಿಗೆ ಹಾಕಿದ ಸಣ್ಣ ತೊಟ್ಟಿ ಕಟ್ಟಿಸಿ.

ಹೊಸ ಕೋಣೆ ಕಟ್ಟುವುದಾದರೆ, ಗಾವಠಾಣದಲ್ಲಿ 150 ಚದರ ಮೀಟರ್ ತನಕದ ಜಾಗಕ್ಕೆ ದಾಖಲೆಗಳ ಜೊತೆ ಪಂಚಾಯಿತಿಗೆ ತಿಳಿಸಿ ಶುಲ್ಕ ತುಂಬಿದರೆ ಸಾಕು. 150ರಿಂದ 300ರ ತನಕ ಪರವಾನಗಿದಾರ ವಾಸ್ತುಶಿಲ್ಪಿಯ ನಕ್ಷೆ ಬೇಕು.

ವಿದ್ಯುತ್ ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಮನೆಯ ಮೀಟರಿನಲ್ಲಿ ಉದ್ಯೋಗ ಮಾಡಿದರೆ ವಿದ್ಯುತ್ ಕಾಯ್ದೆ, 2003ರ ಕಲಂ 126ರ ಪ್ರಕಾರ ಎರಡು ಪಟ್ಟು ದರದಲ್ಲಿ ವಸೂಲಿ ಆದೀತು ಎಂಬ ಹೆದರಿಕೆ ಎಲ್ಲರಿಗೂ ಇದೆ. ಆದರೆ ರಾಜ್ಯದ ವಿದ್ಯುತ್ ಕಂಪನಿಯಾದ ಮಹಾವಿತರಣದ ದರಪಟ್ಟಿಯಲ್ಲಿ ವಿನಾಯಿತಿಯೊಂದಿದೆ. ಮನೆಯ ಒಂದು ಭಾಗದಲ್ಲಿ ವ್ಯವಹಾರ ನಡೆಸುವವರ ಬಳಕೆ ತಿಂಗಳಿಗೆ 300 ಯೂನಿಟ್ ಮತ್ತು ಹಿಂದಿನ ಆರ್ಥಿಕ ವರ್ಷದಲ್ಲಿ 3600 ಯೂನಿಟ್ ಒಳಗಿದ್ದರೆ ವಾಸದ ದರವೇ ಅನ್ವಯ. ವರ್ಷದ ಒಟ್ಟು ಮೀರಿದರೆ ಮುಂದಕ್ಕೆ ಬೇರೆ ದರ. ನಾನು ಪ್ರತಿ ಬಿಲ್ಲಿನ ಯೂನಿಟ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೂಡಿಸುತ್ತಾ ಹೋಗುತ್ತೇನೆ; ಫ್ರಿಜ್, ಗೀಸರ್ ಎಲ್ಲ ಅದರಲ್ಲೇ ಲೆಕ್ಕಕ್ಕೆ ಬರುತ್ತವೆ. ಗ್ಯಾಸಿಗೆ ಇಂಥ ರಿಯಾಯಿತಿ ಇಲ್ಲ. 14.2 ಕಿಲೋದ ಮನೆ ಸಿಲಿಂಡರಿನಲ್ಲಿ ಮಾರಾಟದ ರೊಟ್ಟಿ ಬೇಯಿಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರು ತರಿಸಬೇಕು.

ಉಳಿದ ನೋಂದಣಿಗಳು ಸಲೀಸು. ಸಣ್ಣ ಉದ್ಯಮಗಳ ಸರಕಾರಿ ಉದ್ಯಮ್ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ದುಡ್ಡು ಕೇಳುವ ಜಾಲತಾಣ ಸರಕಾರದ್ದಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ನಾನು ಮಾಡಿಸಿದಾಗ ವಾರ್ಷಿಕ 12 ಲಕ್ಷ ರೂಪಾಯಿ ವಹಿವಾಟಿನ ತನಕ ಫಾರ್ಮ್ ಎ, ವರ್ಷಕ್ಕೆ 100 ರೂಪಾಯಿ. ಆ ಪ್ರಮಾಣಪತ್ರವನ್ನು ಗೋಡೆಗೆ ಹಾಕಲೇಬೇಕು. ಒಳಗೋಡೆಗೆ ಹಾಕಿದರೆ ಫಲಕದ ಷರತ್ತಿಗೂ ಧಕ್ಕೆ ಇಲ್ಲ.

ಬೇಡಿಕೆ ಬೆಳೆದಾಗ ಮೊದಲು ಮುರಿಯುವುದು ಸಂಬಳದ ಆಳಿನ ಷರತ್ತು. ಸಂಕ್ರಾಂತಿ, ದೀಪಾವಳಿ ಹೊತ್ತಿಗೆ ಇಬ್ಬರು ಹೆಂಗಸರನ್ನು ಕರೆದರೂ ಅದು ಮನೆ ಉದ್ಯೋಗದ ವ್ಯಾಖ್ಯೆಯಿಂದ ಹೊರಗೆ ಹೋಯಿತು. 1959ರಲ್ಲಿ ಮುಂಬಯಿಯಲ್ಲಿ ಶುರುವಾದ ಲಿಜ್ಜತ್‌ನವರು ಕಣಕವನ್ನು ಒಂದು ಕಡೆ ಕಲಸಿ ಹೆಂಗಸರ ಮನೆಗಳಿಗೆ ಕೊಟ್ಟು ಹಪ್ಪಳ ಲಟ್ಟಿಸುತ್ತಾರೆ. ಯಂತ್ರ ಒಂದು ಜಾಗದಲ್ಲಿ, ಕೈಕೆಲಸ ಮನೆಯಲ್ಲಿ. ಮನೆ ಸಾಲದಾದಾಗ ನಾನೂ ಅದೇ ರೀತಿ ವಿಂಗಡಿಸುವ ಪಕ್ಷ: ಬೀಸುವ, ಕಲಸುವ ಯಂತ್ರಗಳು ಔದ್ಯೋಗಿಕ ಬಳಕೆಗೆ ಮಂಜೂರಾದ ಬಾಡಿಗೆ ಗಾಳಾಕ್ಕೆ (ಮಳಿಗೆಯಂಥ ಕೋಣೆಗೆ), ಬಡಿಯುವ ಕೆಲಸ ಮನೆಗೆ. ಕರಾರಿಗೆ ಮುಂಚೆ ಆ ಗಾಳಾದ ಮಂಜೂರಾತಿ ನಕ್ಷೆಯ ಮೇಲೆ ಯಾವ ಬಳಕೆ ಬರೆದಿದೆ ಎಂದು ನೋಡಿ. ಗೋದಾಮು ಎಂದಿದ್ದರೆ ಯಂತ್ರ ಕೂರಿಸುವಂತಿಲ್ಲ. ಆಹಾರ ನೋಂದಣಿಯೂ ಜಾಗಕ್ಕೆ ಅಂಟಿದ್ದು. ಗಾಳಾಕ್ಕೆ ಬೇರೆಯದೇ ಮಾಡಿಸಬೇಕು, ಮನೆಯ ನಂಬರು ಅಲ್ಲಿ ನಡೆಯುವುದಿಲ್ಲ.