ಆನ್‌ಲೈನ್ ಖರೀದಿಯ ಬಿಲ್ಲಿನಲ್ಲಿ ಜಿಎಸ್‌ಟಿ: ಏನು ನೋಡಬೇಕು, ಎಲ್ಲಿ ತಪ್ಪುತ್ತದೆ

ಆ್ಯಪ್‌ನಲ್ಲಿ ಕಾಣುವ ಬೆಲೆಯೊಳಗೇ ಜಿಎಸ್‌ಟಿ ಸೇರಿರುತ್ತದೆ. ಹಾಗಾಗಿ ಎಷ್ಟು ತೆರಿಗೆ ಕಟ್ಟಿದೆವು, ಯಾವ ದರದಲ್ಲಿ ಕಟ್ಟಿದೆವು ಎಂಬುದು ಕೊಳ್ಳುವಾಗ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಬಿಲ್ಲಿನಲ್ಲಿ. ಆರ್ಡರ್ ತಲುಪಿದ ಮೇಲೆ ‘ಆರ್ಡರ್ ಡಿಟೇಲ್ಸ್’ಗೆ ಹೋಗಿ ಇನ್‌ವಾಯ್ಸ್ ಡೌನ್‌ಲೋಡ್ ಮಾಡಿಕೊಳ್ಳಿ. ಇಮೇಲ್‌ನಲ್ಲಿ ಬರುವ ‘ಆರ್ಡರ್ ಕನ್‌ಫರ್ಮ್’ ಸಂದೇಶ ಬಿಲ್ಲಲ್ಲ. ವಾರಂಟಿಗಾಗಲಿ ದೂರಿಗಾಗಲಿ ಅದು ನಿಲ್ಲುವುದಿಲ್ಲ.

ಬೆಲೆಯಿಂದ ತೆರಿಗೆ ಬಿಡಿಸುವುದು

ಇಲ್ಲಿ ಬಹಳ ಜನ ಎಡವುತ್ತಾರೆ. 23,600 ರೂಪಾಯಿಯ ಫೋನಿಗೆ ಶೇ 18 ಎಂದರೆ 4,248 ಅಲ್ಲ. 23,600ರಲ್ಲಿ ತೆರಿಗೆ ಆಗಲೇ ಸೇರಿದೆ. ಆದ್ದರಿಂದ 118ರಿಂದ ಭಾಗಿಸಿ 18ರಿಂದ ಗುಣಿಸಬೇಕು: ತೆರಿಗೆ 3,600, ಮೂಲ ಬೆಲೆ 20,000. ಶೇ 5ರ ವಸ್ತುವಾದರೆ 105ರಿಂದ ಭಾಗಿಸಿ 5ರಿಂದ ಗುಣಿಸಿ. ಬಿಲ್ಲಿನ ‘ಟ್ಯಾಕ್ಸಬಲ್ ವ್ಯಾಲ್ಯೂ’ ಕಾಲಮ್ಮಿನ ಮೊತ್ತ ಇದಕ್ಕೆ ತಾಳೆಯಾಗಬೇಕು. ಪೈಸೆಗಳ ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ರೌಂಡಿಂಗ್.

ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ‘ಎಂಆರ್‌ಪಿ ಮೇಲೆ ಜಿಎಸ್‌ಟಿ ಬೇರೆ’ ಎನ್ನುವ ಮಾರಾಟಗಾರ ಕಾನೂನು ಮೀರುತ್ತಿದ್ದಾನೆ. ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂಲಕ ಮಾರುವವರಲ್ಲಿ ಈ ಮಾತು ಹೆಚ್ಚು ಕೇಳಿಬರುತ್ತದೆ.

ಬಿಲ್ಲಿನಲ್ಲಿ ಕಣ್ಣು ಹಾಯಿಸಬೇಕಾದ ಜಾಗಗಳು

ಮೊದಲು ‘ಸೋಲ್ಡ್ ಬೈ’. ವಸ್ತು ಮಾರಿದ್ದು ಆ್ಯಪ್ ಅಲ್ಲ, ಅಲ್ಲಿ ಹೆಸರಿರುವ ಅಂಗಡಿ. ಅದರ ಕೆಳಗೆ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಮೊದಲ ಎರಡು ಅಂಕಿ ರಾಜ್ಯದ್ದು (ಕರ್ನಾಟಕ 29, ಮಹಾರಾಷ್ಟ್ರ 27, ತಮಿಳುನಾಡು 33, ಹರಿಯಾಣ 06), ಮುಂದಿನ ಹತ್ತು ಆ ವ್ಯಾಪಾರಿಯ ಪ್ಯಾನ್. ಅನುಮಾನ ಬಂದರೆ ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಆ ಸಂಖ್ಯೆ ಹಾಕಿ ನೋಡಿ. ಲಾಗಿನ್ ಬೇಡ, ಕ್ಯಾಪ್ಚಾ ತುಂಬಿದರೆ ಸಾಕು. ಹೆಸರು ಹೊಂದಬೇಕು, ಸ್ಥಿತಿ ‘ಆ್ಯಕ್ಟಿವ್’ ಎಂದಿರಬೇಕು. ‘ಕ್ಯಾನ್ಸಲ್ಡ್’ ಎಂದಿದ್ದು ಬಿಲ್ಲಿನಲ್ಲಿ ಮಾತ್ರ ತೆರಿಗೆ ಹಾಕಿದ್ದರೆ ನಿಮ್ಮ ದುಡ್ಡು ಸರ್ಕಾರಕ್ಕೆ ಹೋಗುತ್ತಿಲ್ಲ.

ಆಮೇಲೆ ತೆರಿಗೆಯ ಬಗೆ. ಬೆಂಗಳೂರಿನ ಗೋದಾಮಿನಿಂದ ಹುಬ್ಬಳ್ಳಿಗೆ ಬಂದ ಫೋನಿಗೆ ಸಿಜಿಎಸ್‌ಟಿ (ಕೇಂದ್ರದ ಪಾಲು) ಶೇ 9, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಶೇ 9. ಅದೇ ಫೋನು ಹರಿಯಾಣದ ಮಾರಾಟಗಾರನಿಂದ ಬಂದರೆ ಐಜಿಎಸ್‌ಟಿ (ಗಡಿ ದಾಟಿ ಬರುವ ವಸ್ತುವಿನ ಒಟ್ಟು ತೆರಿಗೆ) ಶೇ 18. ನಿಮ್ಮ ಜೇಬಿಗೆ ಎರಡೂ ಒಂದೇ. ಹೊರರಾಜ್ಯದಿಂದ ತರಿಸಿದರೆ ತೆರಿಗೆ ಜಾಸ್ತಿ ಎಂಬುದು ಹಳೆಯ ಪ್ರವೇಶ ತೆರಿಗೆ ಕಾಲದ ನಂಬಿಕೆ.

ಕೆಲವು ಸಲ ‘ಟ್ಯಾಕ್ಸ್ ಇನ್‌ವಾಯ್ಸ್’ ಬದಲು ‘ಬಿಲ್ ಆಫ್ ಸಪ್ಲೈ’ ಬರುತ್ತದೆ. ತೆರಿಗೆಯಿಲ್ಲದ ವಸ್ತುವಿಗೆ ಅಥವಾ ಕಾಂಪೊಸಿಷನ್ ಯೋಜನೆಯಲ್ಲಿರುವ (ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತಾನೇ ತೆರಿಗೆ ಕಟ್ಟುವ) ವ್ಯಾಪಾರಿಗೆ ಇದು ಸರಿಯಾದದ್ದೇ. 2023ರ ಅಕ್ಟೋಬರ್ 1ರಿಂದ ಇಂಥ ಸಣ್ಣ ವ್ಯಾಪಾರಿಗಳೂ ತಮ್ಮ ರಾಜ್ಯದೊಳಗೆ ಆನ್‌ಲೈನ್ ವೇದಿಕೆಗಳಲ್ಲಿ ಮಾರಬಹುದು. ಆದರೆ ಕಾಂಪೊಸಿಷನ್‌ನಲ್ಲಿರುವವರು ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಅವರ ಬಿಲ್ಲಿನಲ್ಲಿ ಜಿಎಸ್‌ಟಿಯ ಸಾಲು ಕಂಡರೆ ಪ್ರಶ್ನಿಸಿ. ‘ಟಿಸಿಎಸ್’ ಹೆಸರಿನಲ್ಲಿ ಯಾರಾದರೂ ಹೆಚ್ಚಿಗೆ ಕೇಳಿದರೂ ಕೊಡಬೇಡಿ. ಅದು ವೇದಿಕೆಯವರು ಮಾರಾಟಗಾರನಿಂದ ಹಿಡಿದುಕೊಳ್ಳುವ ಮೊತ್ತ.

ದರಗಳು, 2025ರ ಸೆಪ್ಟೆಂಬರ್ 22ರ ನಂತರ

ಶೇ 12 ಮತ್ತು 28ರ ಹಂತಗಳು ಬಹುಪಾಲು ಹೋಗಿ, ದಿನಬಳಕೆಯ ಖರೀದಿಯೆಲ್ಲ ಈಗ ಸೊನ್ನೆ, 5 ಅಥವಾ 18ರಲ್ಲಿದೆ. ಫೋನ್, ಲ್ಯಾಪ್‌ಟಾಪ್, ಮಿಕ್ಸಿ, ಫ್ರಿಜ್, ವಾಷಿಂಗ್ ಮೆಷಿನ್ ಶೇ 18. ಶೇ 28 ಇದ್ದ ಎ.ಸಿ., ಡಿಶ್‌ವಾಷರ್, 32 ಇಂಚಿಗಿಂತ ದೊಡ್ಡ ಟಿ.ವಿ. ಕೂಡ ಈಗ 18. ಮುದ್ರಿತ ಪುಸ್ತಕ, ಶಾಲೆಯ ನೋಟ್‌ಬುಕ್, ಪೆನ್ಸಿಲ್‌ಗೆ ತೆರಿಗೆ ಇಲ್ಲ. ಸೈಕಲ್, ಬಿಸ್ಕತ್ತು, ತುಪ್ಪ, ಗೋಡಂಬಿ-ಬಾದಾಮಿ, ಸ್ಟೀಲ್ ಪಾತ್ರೆ ಶೇ 5.

ಮೋಸ ಹೋಗುವುದು ಅಕ್ಕಪಕ್ಕದ ವಸ್ತುಗಳಲ್ಲಿ. ಮೈ ತೊಳೆಯುವ ಬಿಲ್ಲೆ ಸೋಪಿಗೆ ಶೇ 5, ಬಾಟಲಿಯ ಬಾಡಿ ವಾಷ್‌ಗೆ 18. ಟೂತ್‌ಪೇಸ್ಟ್‌ಗೆ 5, ಮೌತ್‌ವಾಷ್‌ಗೆ 18. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ 25 ಕೆ.ಜಿ.ವರೆಗೆ ಶೇ 5, ಅದಕ್ಕಿಂತ ದೊಡ್ಡ ಚೀಲಕ್ಕೆ ಸೊನ್ನೆ. ಸೋನಾಮಸೂರಿ 26 ಕೆ.ಜಿ. ಚೀಲದಲ್ಲಿ ಬರುವುದರ ಗುಟ್ಟು ಇದು. ತಿಂಗಳಿಗೆ ಒಂದು ಚೀಲ ಖರ್ಚಾಗುವ ಮನೆಯವರು ಐದೈದು ಕೆ.ಜಿ. ಪ್ಯಾಕೆಟ್ ತರಿಸಿ ತೆರಿಗೆ ಕಟ್ಟುವುದರಲ್ಲಿ ಅರ್ಥವಿಲ್ಲ.

ಹಬ್ಬದ ಗಿಫ್ಟ್ ಹ್ಯಾಂಪರ್‌ಗಳನ್ನೂ ನೋಡಿಕೊಳ್ಳಿ. ಶೇ 5ರ ಚಾಕೊಲೇಟಿನ ಜೊತೆ ಶೇ 18ರ ಸುಗಂಧದ ಬಾಟಲಿ ಇಟ್ಟು ಒಂದೇ ಬೆಲೆಗೆ ಮಾರಿದರೆ ಇಡೀ ಬುಟ್ಟಿಗೆ ಹೆಚ್ಚಿನ ದರ, ಅಂದರೆ 18 ಬೀಳುತ್ತದೆ. ಬೇರೆ ಬೇರೆಯಾಗಿ ತರಿಸಿ ಮನೆಯಲ್ಲೇ ಕಟ್ಟಿದರೆ ಅಗ್ಗ.

ಬಟ್ಟೆಯ 2,500ರ ಗೆರೆ

ಹೊಲಿದ ಉಡುಪು ಒಂದಕ್ಕೆ 2,500 ರೂಪಾಯಿವರೆಗೆ ಶೇ 5, ದಾಟಿದರೆ 18. ಪಾದರಕ್ಷೆಗೆ ಜೋಡಿಯೊಂದಕ್ಕೆ ಇದೇ ಗೆರೆ. ಇಡೀ ಬಿಲ್ಲಿನ ಮೊತ್ತವಲ್ಲ, ಒಂದೊಂದು ಉಡುಪಿನ ಬೆಲೆ ಲೆಕ್ಕಕ್ಕೆ. ಈ 2,500 ತೆರಿಗೆ ಸೇರದ ಬೆಲೆ ಎಂಬುದನ್ನು ಮರೆಯಬೇಡಿ. ಶೇ 5 ಸೇರಿದರೆ 2,625 ಆಗುತ್ತದೆ. ಒಂದು ರೂಪಾಯಿ ದಾಟಿದರೂ ಶೇ 18 ಬಿದ್ದು ಬೆಲೆ 2,951ಕ್ಕೆ ಜಿಗಿಯುತ್ತದೆ. ನಡುವಿನ ಬೆಲೆಗಳಿಗೆ ಲೆಕ್ಕವೇ ಕೂಡುವುದಿಲ್ಲ. 2,799 ರೂಪಾಯಿಯ ಕುರ್ತಾಕ್ಕೆ ಶೇ 18 ಹಾಕಿದರೆ ಮೂಲ ಬೆಲೆ 2,372, ಅಂದರೆ ಶೇ 5ರ ಗುಂಪಿನದು. ಶೇ 5 ಹಾಕಿದರೆ ಮೂಲ ಬೆಲೆ 2,666, ಅಂದರೆ 18ರ ಗುಂಪಿನದು. 2,625ರಿಂದ 2,950ರ ಮಧ್ಯದ ಬೆಲೆ ಕಂಡರೆ ಮಾರಾಟಗಾರ ದರ ಹಾಕುವಾಗ ಎಚ್ಚರ ತಪ್ಪಿದ್ದಾನೆ ಎಂದೇ ತಿಳಿಯಿರಿ. ಚೌಕಾಸಿಗೆ ದಾರಿಯಿರುವ ಸಣ್ಣ ಅಂಗಡಿಯಾದರೆ ಕೇಳಿ ನೋಡಿ. ದೊಡ್ಡ ವೇದಿಕೆಯಲ್ಲಿ ‘ತೆರಿಗೆ ಸೇರಿದ ಬೆಲೆಗೆ ಒಪ್ಪಿ ಕೊಂಡಿದ್ದೀರಿ’ ಎನ್ನುತ್ತಾರೆ, ದುಡ್ಡು ವಾಪಸು ಬರುವುದು ಅನುಮಾನ.

ಸೀರೆಗೆ ಈ ಗೆರೆ ಅನ್ವಯಿಸುವುದಿಲ್ಲ. ನೇಯ್ದ ಸೀರೆ, ಪಂಚೆಗಳು ಉಡುಪಲ್ಲ, ಬಟ್ಟೆಯ ಲೆಕ್ಕ. ಹಾಗಾಗಿ 900ರ ಇಳಕಲ್ಲಿಗೂ 15,000ದ ರೇಷ್ಮೆ ಸೀರೆಗೂ ಶೇ 5. ಸೀರೆಯ ಬಿಲ್ಲಿನಲ್ಲಿ 18 ಕಂಡರೆ ಪಕ್ಕದ ಎಚ್‌ಎಸ್‌ಎನ್ ಕೋಡ್ (ವಸ್ತು ಯಾವ ವರ್ಗದ್ದು ಎಂದು ಹೇಳುವ ಸಂಖ್ಯೆ) ನೋಡಿ. ರೇಷ್ಮೆ ಬಟ್ಟೆ 5007, ಹತ್ತಿಯದು 5208 ಮೊದಲಾದವು. 61 ಅಥವಾ 62ರಿಂದ ಶುರುವಾಗಿದ್ದರೆ ಉಡುಪಿನ ಗುಂಪಿಗೆ ಸೇರಿಸಿಬಿಟ್ಟಿದ್ದಾರೆ.

ರಿಯಾಯಿತಿ ಯಾರದು?

ಮಾರಾಟಗಾರನೇ ಕೊಟ್ಟು ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಯಿಂದ ತೆರಿಗೆಯೂ ಇಳಿಯುತ್ತದೆ. ಬ್ಯಾಂಕ್ ಕಾರ್ಡ್ ಆಫರ್, ವ್ಯಾಲೆಟ್ ಕ್ಯಾಶ್‌ಬ್ಯಾಕ್‌ನಲ್ಲಿ ಇಳಿಯುವುದಿಲ್ಲ. ಅಲ್ಲಿ ನಿಮ್ಮ ಪರವಾಗಿ ಬೇರೊಬ್ಬರು ಹಣ ಕೊಟ್ಟಂತೆ ಅಷ್ಟೇ. 2,999ರ ಚೂಡಿದಾರಕ್ಕೆ ಮಾರಾಟಗಾರ 400 ಕಡಿಮೆ ಮಾಡಿದರೆ ಬೆಲೆ 2,599, ದರ ಶೇ 5, ತೆರಿಗೆ ಸುಮಾರು 124 ರೂಪಾಯಿ. ಅದೇ 400 ಬ್ಯಾಂಕಿನದ್ದಾದರೆ ಬಿಲ್ಲು 2,999ರದ್ದೇ, ದರ 18, ತೆರಿಗೆ 457. ಬರೇ ಮನೆಬಳಕೆಗಾದರೆ ಕೈಯಿಂದ ಹೋಗುವ 2,599 ಬದಲಾಗುವುದಿಲ್ಲ. ಆದರೆ ವಸ್ತು ಹಿಂದಿರುಗಿಸುವಾಗ ಬ್ಯಾಂಕ್ ಆಫರಿನ 400 ನಿಮಗೆ ಬರುವುದಿಲ್ಲ ಎಂಬುದು ನೆನಪಿರಲಿ.

ಹಳೆಯ ಫೋನ್ ಕೊಟ್ಟು ಹೊಸದು ತೆಗೆದುಕೊಂಡರೂ ಪೂರ್ತಿ ಬೆಲೆಗೇ ತೆರಿಗೆ. 24,000ದ ಫೋನಿಗೆ ಹಳೆಯದರ ಬಾಬ್ತು 4,000 ಕಳೆದು ನೀವು 20,000 ಕೊಟ್ಟರೂ ಲೆಕ್ಕಕ್ಕೆ 24,000.

‘ನೋ ಕಾಸ್ಟ್ ಇಎಂಐ’ ಹೆಸರಿಗೆ ಮಾತ್ರ ನೋ ಕಾಸ್ಟ್. ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ಕಳೆಯುತ್ತಾರೆ, ಆಮೇಲೆ ಕ್ರೆಡಿಟ್ ಕಾರ್ಡ್ ಬ್ಯಾಂಕು ಬಡ್ಡಿ ಹಾಕುತ್ತದೆ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. ಬಡ್ಡಿ 1,500 ಆದರೆ ತೆರಿಗೆ 270. ಪ್ರೊಸೆಸಿಂಗ್ ಶುಲ್ಕ 199 ಇದ್ದರೆ ಅದಕ್ಕೂ 36 ರೂಪಾಯಿ ತೆರಿಗೆ. ಒಟ್ಟು 505 ರೂಪಾಯಿ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ತಿಂಗಳು ತಿಂಗಳು ಚಿಲ್ಲರೆಯಾಗಿ ಹೋಗುತ್ತದೆ, ಫೋನಿನ ಬಿಲ್ಲಿನಲ್ಲಿ ಎಲ್ಲೂ ಕಾಣುವುದಿಲ್ಲ.

ಮಾರಾಟಗಾರನೇ ಹಾಕುವ ಸಾಗಣೆ ವೆಚ್ಚಕ್ಕೆ ವಸ್ತುವಿನ ದರವೇ ಅನ್ವಯ. ವೇದಿಕೆಯ ‘ಪ್ಲಾಟ್‌ಫಾರ್ಮ್ ಫೀ’, ‘ಹ್ಯಾಂಡ್ಲಿಂಗ್ ಫೀ’, ಕ್ಯಾಶ್ ಆನ್ ಡೆಲಿವರಿ ಶುಲ್ಕಗಳು ಬೇರೆ ಸೇವೆ, ಬೇರೆ ಬಿಲ್ಲು, ಶೇ 18. ಊಟ ತರಿಸಿದರೆ ಹೋಟೆಲಿನ ತಿಂಡಿಗೆ ಶೇ 5, ಅದನ್ನು 2022ರ ಜನವರಿಯಿಂದ ಆ್ಯಪ್‌ನವರೇ ಸರ್ಕಾರಕ್ಕೆ ಕಟ್ಟುತ್ತಾರೆ. ಡೆಲಿವರಿ ಶುಲ್ಕಕ್ಕೆ 18.

ಅಂಗಡಿ, ಕಚೇರಿಗೆ ಕೊಳ್ಳುವವರಿಗೆ

ನಿಮ್ಮದೇ ಜಿಎಸ್‌ಟಿ ನೋಂದಣಿ ಇದ್ದರೆ ಆ 23,600ರ ಫೋನಿನಲ್ಲಿ 3,600 ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದಾದ ಮೊತ್ತವಾಗಿ, ಸಿಗಬಹುದು. ಇದಕ್ಕೆ ಆರ್ಡರ್ ಹಾಕುವ ಮುಂಚೆಯೇ ಖಾತೆಯಲ್ಲಿ ಜಿಎಸ್‌ಟಿ ಸಂಖ್ಯೆ ಮತ್ತು ನೋಂದಣಿಯಲ್ಲಿರುವ ಹೆಸರು ಸೇರಿಸಿ. ವಸ್ತುವಿನ ಪುಟದಲ್ಲಿ ‘ಜಿಎಸ್‌ಟಿ ಇನ್‌ವಾಯ್ಸ್’ ಸಿಗುತ್ತದೆ ಎಂದಿದೆಯೇ ನೋಡಿ, ಪಾವತಿಯ ಪುಟದಲ್ಲಿ ಅದನ್ನು ಆರಿಸಿ. ಬಿಲ್ಲಾದ ಮೇಲೆ ಸಂಖ್ಯೆ ಸೇರಿಸಿಕೊಡಿ ಎಂದರೆ ವೇದಿಕೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ವಿಳಾಸದಲ್ಲಿ ದೊಡ್ಡ ಎಡವಟ್ಟು ಆಗುತ್ತದೆ. ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಮನೆ ಹೊಸೂರಿನಲ್ಲಿ ಎಂದಿಟ್ಟುಕೊಳ್ಳಿ. ಹೊಸೂರಿನ ವಿಳಾಸಕ್ಕೆ ತರಿಸಿದ ವಸ್ತುವನ್ನು ತಮಿಳುನಾಡಿನ ಮಾರಾಟಗಾರ ಕಳಿಸಿ, ಬಿಲ್ಲಿನಲ್ಲಿ ಸಿಜಿಎಸ್‌ಟಿ ಮತ್ತು ತಮಿಳುನಾಡಿನ ಎಸ್‌ಜಿಎಸ್‌ಟಿ ಹಾಕಿದರೆ, 29ರಿಂದ ಶುರುವಾಗುವ ನಿಮ್ಮ ನೋಂದಣಿಗೆ ಆ ಕ್ರೆಡಿಟ್ ದಕ್ಕುವುದಿಲ್ಲ. ಬಿಲ್ಲಿಂಗ್, ಡೆಲಿವರಿ ಎರಡೂ ಕರ್ನಾಟಕದ್ದೇ ಇರಲಿ.

ಮುಂದಿನ ತಿಂಗಳ 14ರಂದು ಜಿಎಸ್‌ಟಿಆರ್-2ಬಿ (ನಿಮಗೆ ಸಿಗುವ ಕ್ರೆಡಿಟ್ ತೋರಿಸುವ ಪೋರ್ಟಲ್‌ನ ಪಟ್ಟಿ) ತೆರೆದು ಆ ಬಿಲ್ಲು ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ಗಾಬರಿ ಬೇಡ, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ಮಾರಾಟಗಾರನಾದರೆ ತಡವಾಗಿ ಬರುತ್ತದೆ. ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30ರೊಳಗೆ ಕ್ರೆಡಿಟ್ ಪಡೆಯದಿದ್ದರೆ ಮಾತ್ರ ಹೋದಂತೆಯೇ. ಮನೆಗೆ ತಂದ ಟಿ.ವಿ.ಯನ್ನು ಅಂಗಡಿಯ ಲೆಕ್ಕಕ್ಕೆ ಹಾಕಬೇಡಿ. ಸ್ವಂತ ಬಳಕೆಯ ವಸ್ತುವಿಗೆ ಕ್ರೆಡಿಟ್ ಇಲ್ಲ, ಸಿಕ್ಕಿಬಿದ್ದರೆ ಬಡ್ಡಿ ಸಮೇತ ಕಟ್ಟಬೇಕು. ಕ್ರೆಡಿಟ್ ಪಡೆದ ವಸ್ತುವನ್ನು ಹಿಂದಿರುಗಿಸಿದರೆ ಮಾರಾಟಗಾರ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಚೀಟಿ) ಕೊಡುತ್ತಾನೆ, ಆಗ ಪಡೆದ ಕ್ರೆಡಿಟ್ಟನ್ನೂ ವಾಪಸು ಮಾಡಬೇಕು.

ವಿದೇಶದ ಸೈಟುಗಳು

ಹೊರದೇಶದಿಂದ ತರಿಸುವಾಗ ಸೈಟಿನ ಬೆಲೆಯನ್ನು ಅರ್ಧ ಬೆಲೆ ಎಂದುಕೊಳ್ಳುವುದೇ ಕ್ಷೇಮ. ವಸ್ತುವಿನ ಬೆಲೆಗೆ ಸಾಗಣೆ ಮತ್ತು ವಿಮೆ ಸೇರಿಸಿ ಅದರ ಮೇಲೆ ಸುಂಕ, ಸುಂಕ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ, ಕೊನೆಗೆ ಕೊರಿಯರ್‌ನವರ ಶುಲ್ಕ. ಅಮೆರಿಕದಲ್ಲಿರುವ ಮಗ ಅಲ್ಲಿಂದ ಆರ್ಡರ್ ಮಾಡಿ ಊರಿಗೆ ‘ಗಿಫ್ಟ್’ ಎಂದು ಕಳಿಸಿದರೂ ಸುಂಕ ತಪ್ಪದು. 5,000 ರೂಪಾಯಿವರೆಗಿನ ಉಡುಗೊರೆಗಿದ್ದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು, ಉಳಿದದ್ದು ರಾಖಿ ಮತ್ತು ಜೀವರಕ್ಷಕ ಔಷಧಕ್ಕೆ. ಪೊಟ್ಟಣದ ಮೇಲೆ ಕಡಿಮೆ ಬೆಲೆ ಬರೆಸುವ ಉಪಾಯವೂ ಬೇಡ. ಕಸ್ಟಮ್ಸ್‌ನವರು ತಾವೇ ಬೆಲೆ ಕಟ್ಟಬಹುದು, ವಸ್ತು ಕಳೆದುಹೋದರೆ ವಿಮೆ ಸಿಗುವುದು ಬರೆದ ಬೆಲೆಗೆ ಮಾತ್ರ.

ತಪ್ಪು ಕಂಡಾಗ

ಮೊದಲು ಆ್ಯಪ್‌ನ ಚಾಟ್‌ನಲ್ಲೇ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ತೆಗೆದಿಡಿ. ಸಮಾಧಾನವಾಗದಿದ್ದರೆ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಅವರ ಹೆಸರು, ವಿಳಾಸ ಸೈಟಿನಲ್ಲಿ ಇರಲೇಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕರೆ ಮಾಡುವಾಗ ಬಿಲ್ಲಿನ ಸಂಖ್ಯೆ, ಮಾರಾಟಗಾರನ ಜಿಎಸ್‌ಟಿ ಸಂಖ್ಯೆ, ಎಂಆರ್‌ಪಿ ಕಾಣುವಂತೆ ತೆಗೆದ ಪೊಟ್ಟಣದ ಫೋಟೊ ಕೈಯಲ್ಲಿರಲಿ. ಪೊಟ್ಟಣ ಬಿಚ್ಚಿ ಕಸಕ್ಕೆ ಹಾಕಿದ ಮೇಲೆ ಎಂಆರ್‌ಪಿಯ ದೂರಿಗೆ ಸಾಕ್ಷಿ ಹುಡುಕುವುದು ಕಷ್ಟ.