ತಕ್ಕಡಿ ಹಿಡಿದು ಉಳಿಸಿಕೊಂಡ ಮನೆಯೊಳಗಿನ ಗಿಡಗಳು: ನನ್ನ ಅನುಭವ

ಕುಂಡವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು, ತೂಕ ನೋಡಿದ ಮೇಲೆಯೇ ನೀರು ಹಾಕುತ್ತೇನೆಂದು ನಾನು ಹೇಳಿದಾಗ ನಮ್ಮ ಕೈತೋಟದ ಬಳಗದಲ್ಲಿ ನಗದವರು ಯಾರೂ ಇರಲಿಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನ ಚಟ ಇದು ಎಂದು ಒಬ್ಬರು ಹಾಸ್ಯ ಮಾಡಿದರು. ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿದರೆ ಸಾಲದೇ ಎಂದು ಇನ್ನೊಬ್ಬರು ಕೇಳಿದರು. ಅವರ ಮನೆಯ ಪೀಸ್ ಲಿಲಿಗಳನ್ನು ಈಚೆಗೆ ನೋಡಿ ಬಂದಿದ್ದೇನೆ, ಆದ್ದರಿಂದ ಈಗ ಸ್ವಲ್ಪ ಧೈರ್ಯವಾಗಿಯೇ ಬರೆಯುತ್ತೇನೆ.

ನಮ್ಮದು ಬೆಂಗಳೂರಿನ ದಕ್ಷಿಣ ಅಂಚಿನ ಫ್ಲ್ಯಾಟ್. ಕಾವೇರಿ ನೀರು ನಮಗೆ ಇನ್ನೂ ಬಂದಿಲ್ಲ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲಿಯೇ ಜೀವನ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವೆದ್ದು, ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ನಿಮಗೆ ನೆನಪಿರಬಹುದು. ಆಗ ನಾನು ಬಹಳ ಜಾಣತನವೆಂದುಕೊಂಡು ಆರ್‌ಒ ಯಂತ್ರದ ತ್ಯಾಜ್ಯ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಮನೆಯೊಳಗಿನ 31 ಕುಂಡಗಳಿಗೂ ಅದನ್ನೇ ಹಾಕತೊಡಗಿದೆ. ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ಅನಂತರ ಪೀಸ್ ಲಿಲಿಯ ಎಲೆಯ ತುದಿಗಳು ಕಂದಿದವು, ಡ್ರಸೀನಾದ ಅಂಚುಗಳು ಸುಟ್ಟಂತಾದವು, ಮನಿ ಪ್ಲಾಂಟಿನ ಹೊಸ ಎಲೆಗಳು ನರ ಮಾತ್ರ ಹಸಿರಾಗಿ ಉಳಿದದ್ದೆಲ್ಲ ಬಿಳಿಚಿಕೊಂಡು ಬರತೊಡಗಿದವು.

ಕೇಳಿದವರೆಲ್ಲ ಗೊಬ್ಬರ ಸಾಲದು ಎಂದರು, ನಾನೂ ನಂಬಿದೆ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 19:19:19 ಗೊಬ್ಬರದ ಪುಡಿಯನ್ನು ಲೀಟರಿಗೆ ಒಂದು ಚಮಚದಂತೆ, ಅಂದರೆ ಹೆಚ್ಚುಕಡಿಮೆ 5 ಗ್ರಾಂ, ಕಲಸಿ ವಾರಕ್ಕೊಮ್ಮೆ ಕೊಟ್ಟೆ. ಕಡಲೆಕಾಯಿ ಹಿಂಡಿಯನ್ನು ನಾಲ್ಕು ದಿನ ನೆನೆಸಿದ ನೀರನ್ನು ಹಾಕಿದಾಗ ಮನೆಯಲ್ಲಿ ಎಷ್ಟು ನಾತ ಎದ್ದಿತೆಂದರೆ ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಎರೆಗೊಬ್ಬರ, ಕಡಲಕಳೆಯ ದ್ರಾವಣ, ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್), ಹೊಸ ಕುಂಡಗಳು ಎಂದು ಆ ಮಳೆಗಾಲ ಮುಗಿಯುವುದರೊಳಗೆ ಸುಮಾರು 9,000 ರೂಪಾಯಿ ಖರ್ಚಾಗಿತ್ತು. 31 ಕುಂಡಗಳಲ್ಲಿ 12 ಖಾಲಿಯಾಗಿದ್ದವು. ಖಾಲಿಯಾದವುಗಳಲ್ಲಿ 1,800 ಕೊಟ್ಟು ತಂದಿದ್ದ ಫಿಡಲ್ ಲೀಫ್ ಗಿಡವೂ ಒಂದು; ಅದರ ಕುಂಡವನ್ನು ಈಗಲೂ ಬಾಲ್ಕನಿಯ ಮೂಲೆಯಲ್ಲಿ ಕವುಚಿ ಇಟ್ಟಿದ್ದೇನೆ.

ದಾರಿ ತೋರಿಸಿದವನು ಮಂಡ್ಯದ ಕಡೆ ಗದ್ದೆ ಮಾಡುವ ನನ್ನ ಭಾವಮೈದುನ. ದಸರೆಗೆ ಬಂದವನು ಕುಂಡಗಳ ಅಂಚಿನಲ್ಲಿ ಕಟ್ಟಿದ್ದ ಬಿಳಿಯ ಪೊರೆಯನ್ನು ಉಗುರಿನಿಂದ ಕೆರೆದು ನೋಡಿ, "ಭಾವ, ಇದು ನಮ್ಮ ಚೌಳು ಗದ್ದೆ ಥರಾನೇ ಅಲ್ವಾ? ಇದಕ್ಕೆ ಗೊಬ್ಬರ ಸುರಿದ್ರೆ ಏನು ಬಂತು?" ಎಂದ. ನಾಲೆಯ ಬಯಲಿನಲ್ಲಿ ನೀರು ಬಸಿಯದೆ ಉಪ್ಪು ಮೇಲೆದ್ದ ಗದ್ದೆಗಳನ್ನು ಹುಟ್ಟಿದಾಗಿನಿಂದ ನೋಡಿದವನು ಅವನು. ನಾನು ಅದೇ ಗದ್ದೆಯನ್ನು ಬೈಠಕ್ ಕೋಣೆಯಲ್ಲಿ ಎಂಟಿಂಚಿನ ಕುಂಡಗಳಲ್ಲಿ ತಯಾರಿಸಿದ್ದೆ.

ಮರುದಿನವೇ 280 ರೂಪಾಯಿ ಕೊಟ್ಟು ನೀರಿನಲ್ಲಿ ಕರಗಿದ ಲವಣ ಎಷ್ಟಿದೆಯೆಂದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುವ ಟಿಡಿಎಸ್ ಮೀಟರ್ ತರಿಸಿದೆ. ಬೋರ್‌ವೆಲ್ ನೀರು 780ರ ಆಸುಪಾಸು ತೋರಿಸಿತು. ನಮ್ಮ ಆರ್‌ಒ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಲೀಟರ್ ಹೊರಬಿಡುತ್ತದೆ. ಹಾಗೆ ಹೊರಬಿಟ್ಟ ನೀರು 1,150. ಅಂದರೆ ಅಷ್ಟೂ ತಿಂಗಳು ನಾನು ಗಿಡಗಳಿಗೆ ಹಾಕಿದ್ದು ಬೋರ್‌ವೆಲ್ಲಿಗಿಂತ ಒಂದೂವರೆ ಪಟ್ಟು ಉಪ್ಪಿರುವ ನೀರು, ಅದರ ಮೇಲೆ ವಾರಕ್ಕೊಮ್ಮೆ ಚಮಚ ಚಮಚ ಗೊಬ್ಬರ, ಅದೂ ಉಪ್ಪೇ. ಇದಕ್ಕೆ ಇನ್ನೊಂದು ಸೇರ್ಪಡೆಯಿತ್ತು. ನಮ್ಮ ಕಟ್ಟಡದ ತೊಟ್ಟಿಗೆ ಸಾಫ್ಟನರ್ ಕೂರಿಸಿದ್ದಾರೆ. ಅದು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಆ ಜಾಗದಲ್ಲಿ ಸೋಡಿಯಂ ಬಿಡುತ್ತದೆ. ಸಾಬೂನು ಚೆನ್ನಾಗಿ ನೊರೆಯಾಗುತ್ತದೆ, ಆದರೆ ಮೀಟರಿನ ಅಂಕಿ ಇಳಿಯುವುದಿಲ್ಲ. ಸೋಡಿಯಂ ಬಿದ್ದ ಕೆಂಪು ಮಣ್ಣು ಒದ್ದೆಯಿದ್ದಾಗ ಅಂಟಾಗಿ, ಒಣಗಿದಾಗ ಇಟ್ಟಿಗೆಯಾಗಿ, ಬೇರಿಗೆ ಗಾಳಿಯೇ ಇಲ್ಲದಂತೆ ಮಾಡುತ್ತದೆ. ನರ್ಸರಿಯಿಂದ ಬಂದ ಮಣ್ಣನ್ನೇ ನಾನು ಬಿಟ್ಟಿದ್ದರಿಂದ ಆ ಇಟ್ಟಿಗೆ ನಮ್ಮ ಮನೆಯಲ್ಲಿ ಧಾರಾಳವಾಗಿತ್ತು.

ಉಳಿದ 19 ಗಿಡಗಳಿಗೆ ಮೊದಲು ಗೊಬ್ಬರವನ್ನು ಸಂಪೂರ್ಣ ನಿಲ್ಲಿಸಿದೆ. ಭಾವಮೈದುನನ ಮಾತಿನಂತೆ ಪ್ರತಿ ಕುಂಡಕ್ಕೂ ಸೋಡಿಯಮ್ಮನ್ನು ಹೊರದೂಡುವ ಕ್ಯಾಲ್ಸಿಯಂ ಇರುವ ಜಿಪ್ಸಮ್ಮನ್ನು ಒಂದು ಚಮಚ ಉದುರಿಸಿ, ಕುಂಡದ ಗಾತ್ರದ ಮೂರು ಪಟ್ಟು ಮಳೆನೀರನ್ನು ಬಚ್ಚಲಿನಲ್ಲಿ ನಿಧಾನವಾಗಿ ಬಸಿದೆ. ಕೆಳಗೆ ಇಳಿದ ನೀರು ಮೊದಲು 2,000ದ ಮೇಲಿತ್ತು, ಕೊನೆಗೆ 400ಕ್ಕೆ ಬಂತು. ಏಳು ಕುಂಡಗಳಲ್ಲಿ ನೀರು ಮಣ್ಣಿನೊಳಗೆ ಇಳಿಯದೆ ಅಂಚಿನಿಂದಲೇ ಜಾರಿಹೋಗುತ್ತಿತ್ತು. ಅವುಗಳ ಮಣ್ಣು ಬದಲಿಸದೆ ವಿಧಿಯಿರಲಿಲ್ಲ. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಪರ್ಲೈಟ್ (ಮಣ್ಣನ್ನು ಸಡಿಲವಾಗಿಡುವ ಹಗುರವಾದ ಬಿಳಿ ಹರಳು) ನನ್ನ ಮಿಶ್ರಣ. ಇದಕ್ಕೆ ಒಂದು ಹಿಡಿ ಮತ್ತೊಂದು ವಸ್ತುವನ್ನೂ ಸೇರಿಸುತ್ತೇನೆ. ಅದನ್ನು ಕಂಡುಕೊಳ್ಳಲು ಎರಡು ಋತು ಹಿಡಿದಿದೆ, ಈಗಲೇ ಹೇಳುವ ಮನಸ್ಸಿಲ್ಲ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಹಿಂಡಿ, ಮೂರು ಸಲ ನೀರು ಬದಲಿಸಿ ತೊಳೆಯಿರಿ ಎಂದು ಮಾತ್ರ ಹೇಳಬಲ್ಲೆ. ನಾನು ತಂದದ್ದರ ಮೊದಲ ನೀರೇ 1,400 ತೋರಿಸಿತ್ತು.

ಇನ್ನು ತಕ್ಕಡಿಯ ವಿಷಯ. ನೀರನ್ನು ಬದಲಿಸಿದ ಮೇಲೂ ಮೂರು ಗಿಡಗಳು ಬೇರು ಕೊಳೆತು ಹೋದವು. ಮೇಲಿನ ಒಂದಂಗುಲ ಒಣಗಿದ್ದನ್ನು ನೋಡಿ ನೀರು ಹಾಕುತ್ತಿದ್ದೆ, ತಳದಲ್ಲಿ ಕೆಸರೇ ಇತ್ತು. ಬೆರಳು ಎರಡು ಅಂಗುಲದ ಸಮಾಚಾರವನ್ನು ಹೇಳೀತು, ಎಂಟು ಅಂಗುಲದ ಸಮಾಚಾರ ಅದಕ್ಕೆ ತಿಳಿಯದು. 450 ರೂಪಾಯಿಗೆ 10 ಕಿಲೋ ತೂಗುವ ತಕ್ಕಡಿ ಸಿಕ್ಕಿತು. ಎಂಟಿಂಚಿನ ಪ್ಲಾಸ್ಟಿಕ್ ಕುಂಡದ ಪೀಸ್ ಲಿಲಿಯನ್ನೇ ತೆಗೆದುಕೊಳ್ಳಿ. ತುಂಬ ನೀರುಣಿಸಿ ಬಸಿದ ಮೇಲೆ ಅದು 3.4 ಕಿಲೋ ಇತ್ತು. ಬೇಕೆಂದೇ ಬಾಡಲು ಬಿಟ್ಟಾಗ 2.2 ಕಿಲೋ. ನಡುವಿನ 1.2 ಕಿಲೋ ಗಿಡಕ್ಕೆ ಸಿಗುವ ನೀರು. ಅದರ ಮೂರರಲ್ಲಿ ಎರಡು ಪಾಲು ಖರ್ಚಾಗಿ ತೂಕ 2.6ಕ್ಕೆ ಇಳಿಯುವವರೆಗೆ ನಾನು ಮುಟ್ಟುವುದಿಲ್ಲ. ಕುಂಡಕ್ಕೆ ಬಣ್ಣದ ಟೇಪು ಅಂಟಿಸಿ ಎರಡೂ ಅಂಕಿಗಳನ್ನು ಬರೆದಿದ್ದೇನೆ. ಅದೇ ಗಿಡ ಏಪ್ರಿಲಿನಲ್ಲಿ ನಾಲ್ಕು ದಿನಕ್ಕೆ ನೀರು ಕೇಳಿದರೆ, ಆಗಸ್ಟಿನ ಮೋಡದಲ್ಲಿ ಹನ್ನೊಂದು ದಿನ ಸುಮ್ಮನಿತ್ತು. ಹಿಂದೆ ಎರಡು ಕಾಲದಲ್ಲಿಯೂ ಮೂರು ದಿನಕ್ಕೊಮ್ಮೆ ಹಾಕುತ್ತಿದ್ದೆ. ಝಡ್‌ಝಡ್ ಮತ್ತು ಸ್ನೇಕ್ ಪ್ಲಾಂಟುಗಳನ್ನು ಬಾಡುವ ತೂಕದ ಹತ್ತಿರಕ್ಕೇ ಬಿಡುತ್ತೇನೆ. ಗಿಡ ಬೆಳೆದಂತೆ ಅದರದೇ ತೂಕವೂ ಸೇರುವುದರಿಂದ ಎರಡು ತಿಂಗಳಿಗೊಮ್ಮೆ ಅಂಕಿಗಳನ್ನು ತಿದ್ದಬೇಕು.

ದೊಡ್ಡ ಕುಂಡಗಳಿಗೆ ಈ ತಕ್ಕಡಿ ಸಾಲದು. ಮಗ ವಿದೇಶಕ್ಕೆ ಹೊರಟಾಗ ಕೊಂಡಿದ್ದ, ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಗೆ ಹಗ್ಗ ಕಟ್ಟಿ ಅರೆಕಾ ಪಾಮನ್ನು ಎತ್ತಿದೆ. 19 ಕಿಲೋ ಎಂದು ಓದಿದ್ದಷ್ಟೇ, ಹಗ್ಗ ಕಳಚಿ ಕುಂಡ ಚೂರಾಯಿತು, ನೆಲದ ಒಂದು ಟೈಲ್ ಸಹ. ಟೈಲಿಗೆ 700. ಆ ಗಿಡಕ್ಕೆ ಈಗ ಬಿದಿರುಕಡ್ಡಿಯನ್ನು ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ನೋಡುತ್ತೇನೆ.

ನೀರು ಮತ್ತು ಆಹಾರವನ್ನು ಬೇರೆ ಬೇರೆ ದಿನ ಕೊಡುವುದನ್ನು ಬಿಟ್ಟಿದ್ದೇನೆ. 20 ಲೀಟರ್ ಕ್ಯಾನಿಗೆ ಒಂದೇ ಚಮಚ, ಅಂದರೆ ಲೀಟರಿಗೆ ಕಾಲು ಗ್ರಾಮಿನಷ್ಟು 19:19:19. ಮೂರು ಸಲ ಇದು, ನಾಲ್ಕನೆಯ ಸಲ ಬರಿಯ ನೀರು. ಹಾಕಿದ ಒಂದು ಲೀಟರಿನಲ್ಲಿ 200 ಮಿಲಿಯಾದರೂ ತಳದಿಂದ ಇಳಿಯಬೇಕು, ಇಳಿದದ್ದನ್ನು ತಟ್ಟೆಯಲ್ಲಿ ಉಳಿಸಬಾರದು. ಮಳೆಗಾಲದಲ್ಲಿ ಬೆಳಕು ಕಡಿಮೆಯಾದಾಗ ಗೊಬ್ಬರವನ್ನು ಅರ್ಧಕ್ಕೆ ಇಳಿಸುತ್ತೇನೆ. ಇಷ್ಟು ತೆಳುವಾದ ನೀರಿನಿಂದ ಏನಾದೀತು ಎಂದು ಬಳಗದಲ್ಲಿ ಕೇಳಿದರು. ಆರನೆಯ ವಾರಕ್ಕೆ ಮನಿ ಪ್ಲಾಂಟಿನಲ್ಲಿ ಅಂಗೈಯಗಲದ ಹಸಿರು ಎಲೆ ಬಂತು.

ಇಲ್ಲಿಯೂ ಎರಡು ಸಲ ಎಡವಿದ್ದೇನೆ. ಬರಿಯ ಮಳೆನೀರು 20ರಿಂದ 30 ಟಿಡಿಎಸ್ ಇರುತ್ತದೆಯಾದ್ದರಿಂದ ಅದಕ್ಕಿಂತ ಉತ್ತಮವಿಲ್ಲವೆಂದು ಅದನ್ನೇ ಹಾಕಿದೆ. ಎರಡು ತಿಂಗಳಲ್ಲಿ ಸಿಂಗೋನಿಯಂನ ಎಳೆ ಎಲೆಗಳು ಮುರುಟಿಕೊಂಡು ಬಂದವು. 19:19:19ರಲ್ಲಿ ಕ್ಯಾಲ್ಸಿಯಂ ಇಲ್ಲ, ಮಳೆನೀರಿನಲ್ಲಿಯೂ ಇಲ್ಲ. ಕೊರತೆ ತುಂಬಲು ಕ್ಯಾಲ್ಸಿಯಂ ನೈಟ್ರೇಟನ್ನು ತಂದು, ಕೆಲಸ ಹಗುರವಾಗಲೆಂದು ಎಲ್ಲವನ್ನೂ ಒಂದೇ ಬಾಟಲಿಯಲ್ಲಿ ಗಟ್ಟಿಯಾಗಿ ಕಲಸಿಟ್ಟೆ. ಹಾಲು ಒಡೆದಂತೆ ಬಿಳಿಯ ಗಷ್ಟು ತಳ ಸೇರಿತು. 19:19:19ರ ರಂಜಕವೂ ಎಪ್ಸಮ್ ಉಪ್ಪಿನ ಸಲ್ಫೇಟೂ ಕ್ಯಾಲ್ಸಿಯಮ್ಮನ್ನು ಹಿಡಿದು ಕೂತಿದ್ದವು, 300 ರೂಪಾಯಿ ಬಚ್ಚಲಿಗೆ ಹೋಯಿತು. ಕೊನೆಗೆ ಹೊಳೆದ ಉಪಾಯಕ್ಕೆ ಕಾಸಿನ ಖರ್ಚಿಲ್ಲ: ಸಾಫ್ಟನರಿಗೆ ಮೊದಲೇ ಇರುವ ನಲ್ಲಿಯಿಂದ ಹಿಡಿದ ಗಡಸು ನೀರು ಒಂದು ಪಾಲು, ಮಳೆನೀರು ನಾಲ್ಕು ಪಾಲು. ಮೀಟರಿನಲ್ಲಿ ಅದು 170ರ ಸುತ್ತ ಬರುತ್ತದೆ, ಕ್ಯಾಲ್ಸಿಯಂ ತಾನಾಗಿಯೇ ಸಿಗುತ್ತದೆ. ಅದೇ ಬೋರ್‌ವೆಲ್ ನೀರು ಅಷ್ಟು ಅಳತೆಯಲ್ಲಿ ಔಷಧವಾಗಿತ್ತು. ಎಪ್ಸಮ್ ಉಪ್ಪನ್ನು ತಿಂಗಳಿಗೊಮ್ಮೆ ಬೇರೆಯಾಗಿ ಒಂದು ಚಿಟಿಕೆ ಕೊಡುತ್ತೇನೆ.

ನಡುನಡುವೆ ಇತರ ಪ್ರಯೋಗಗಳೂ ನಡೆದವು. ಅಕ್ಕಿ ತೊಳೆದ ನೀರನ್ನು ನಾಲ್ಕು ಕುಂಡಗಳಿಗೆ ಒಂದು ತಿಂಗಳು ಹಾಕಿದೆ. ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಮಣ್ಣಿನಿಂದ ಏಳುವ ಸಣ್ಣ ಕಪ್ಪು ನೊಣಗಳು ಮಾತ್ರ ಊಟದ ತಟ್ಟೆಯವರೆಗೂ ಬಂದವು. ಹಳದಿ ಅಂಟುಕಾರ್ಡು ಮತ್ತು ಮೇಲ್ಮಣ್ಣು ಒಣಗಲು ಬಿಟ್ಟದ್ದರಿಂದ ಅವು ಮೂರು ವಾರದಲ್ಲಿ ಕಡಿಮೆಯಾದವು. ಫಿಲ್ಟರ್ ಕಾಫಿಯ ಗಷ್ಟನ್ನು ಮೇಲೆ ಹರಡಿದರೆ ಬೂಷ್ಟು ಹಿಡಿಯುತ್ತದೆ. ಮೊಟ್ಟೆಚಿಪ್ಪಿನ ಪುಡಿ ಆರು ತಿಂಗಳ ಮೇಲೂ ಹಾಕಿದ ಹಾಗೆಯೇ ಇತ್ತು. ಲಾಭವಾದದ್ದು ಎಸಿಯಿಂದ ತೊಟ್ಟಿಕ್ಕುವ ನೀರಿನಿಂದ ಮಾತ್ರ: ಬೇಸಿಗೆಯಲ್ಲಿ ರಾತ್ರಿಗೆ ಐದಾರು ಲೀಟರ್ ಸಿಗುತ್ತದೆ, ಉಪ್ಪಿನ ಅಂಶ ಇಲ್ಲವೆಂದೇ ಹೇಳಬಹುದು. ಡ್ರಮ್ಮಿನ ಮಳೆನೀರು ಮಾರ್ಚಿನಲ್ಲಿ ತಳ ಕಂಡಾಗ ನಮ್ಮನ್ನು ಕಾಪಾಡಿದ್ದು ಅದೇ.

ಎಲ್ಲ ಸೇರಿ ಎರಡನೆಯ ಸುತ್ತಿನ ಖರ್ಚು 3,500 ದಾಟಿಲ್ಲ, ಡ್ರಮ್ಮಿನ 1,200 ಸೇರಿಸಿಯೇ. ಉಳಿದ 16 ಗಿಡಗಳಿಂದ ಕಡ್ಡಿ ಮಾಡಿ, ಬುಡ ಒಡೆದು, ಈಗ 27 ಕುಂಡಗಳಾಗಿವೆ. ಪೀಸ್ ಲಿಲಿ ಕಳೆದ ವರ್ಷ ಒಂಬತ್ತು ಹೂ ಬಿಟ್ಟಿತು. ಗಿಡಕ್ಕೆ ತಕ್ಕಡಿ ಹಿಡಿಯುತ್ತೀರಲ್ಲ ಎಂದು ಮೊದಲು ನಕ್ಕಿದ್ದ ಭಾವಮೈದುನ ಬೋರಿನ ನೀರು ನೋಡುವೆನೆಂದು ನನ್ನ ಮೀಟರನ್ನು ಊರಿಗೆ ಒಯ್ದಿದ್ದಾನೆ, ಇನ್ನೂ ಹಿಂದಿರುಗಿಸಿಲ್ಲ. ಸೋತದ್ದು ಕಲಾಥಿಯಾ ಒಂದೇ. ನೀರು, ಗೊಬ್ಬರ, ತೂಕ ಮೂರೂ ಸರಿಯಿದ್ದರೂ ಅದರ ಅಂಚು ಕಂದುವುದು ನಿಂತಿಲ್ಲ; ಕೋಣೆಯ ಒಣ ಗಾಳಿಯೇ ಕಾರಣವಿರಬೇಕೆಂದು ಹೋದ ವಾರ ಅದನ್ನು ಬಚ್ಚಲುಮನೆಯ ಕಿಟಕಿಗೆ ಸಾಗಿಸಿದ್ದೇನೆ. ಅಲ್ಲಿಡುವಾಗ 2.9 ಕಿಲೋ ಇತ್ತು, ಈ ಬೆಳಿಗ್ಗೆ 2.7.